ಅಂಚೆಚೀಟಿಯಷ್ಟು ಅಳಿಲು

“ಈ ಭಾನುವಾರದೊಳಗೆ ದಾರಿಹೋಕರನ್ನೆಲ್ಲ ಕೊರಳಪಟ್ಟಿ ಹಿಡಿದು ನಿಲ್ಲಿಸುವಂಥ ಮುಖಚಿತ್ರ ಬರೀದಿದ್ರೆ ನನ್ನ ಹೆಸರು ಕಾರ್ಲೊನೇ ಅಲ್ಲ!” ಎಂದು ಕಾರ್ಲೊ ಅಡುಗೆಮನೆಯಲ್ಲಿ ಎದ್ದು ನಿಂತು ಘೋಷಿಸಿದ. ಎದುರಿಗೆ ಕೂತು ಬೆಂದ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಿದ್ದ ಹೆಂಡತಿ ಸೈಮಿ, ಹೊಸ ಹೆಸರೇನೆಂದು ಮುಂಚೆಯೇ ತಿಳಿಸಿದರೆ ಅಂಚೆಯವನಿಗೆ ಹೇಳಿಡುತ್ತೇನೆ ಎಂದಳು.

ಘೋಷಣೆಗೆ ಕಾರಣವಿತ್ತು. ಫಿನ್‌ಲ್ಯಾಂಡಿನ ನಮ್ಮ ಕೋತ್ಕಾ ಬಂದರಿನ ಆ ಪುಟ್ಟ ಫ್ಲ್ಯಾಟಿನಲ್ಲಿ ಕೂತು ಕಾರ್ಲೊ ನಾಲ್ಕು ವರ್ಷ ಒಂದು ವಿಡಿಯೋ ಗೇಮ್ ಕಟ್ಟಿದ್ದ. ಪಿಕ್ಕು ಎಂಬ ಹಾರುವ ಅಳಿಲು ಕೊಂಬೆಯಿಂದ ಕೊಂಬೆಗೆ, ಬಂಡೆಯಿಂದ ಬಂಡೆಗೆ ನೆಗೆಯುತ್ತ, ಬಿದ್ದರೆ ಮತ್ತೆ ಮೊದಲಿಂದ ಶುರುಮಾಡುತ್ತ ಕಾಡಿನ ಆ ತುದಿ ಮುಟ್ಟಬೇಕು. ಆಟ ಚೆನ್ನಾಗಿತ್ತು. ಆದರೆ ಇದರ ಹಿಂದಿನ ಆಟವೂ ಚೆನ್ನಾಗಿಯೇ ಇತ್ತು. ಅದನ್ನು ಕೊಂಡವರು ಅವನ ಅಣ್ಣ ಮತ್ತು ಅವನ ಹಲ್ಲಿನ ಡಾಕ್ಟರು. ಇದೂ ಮುಳುಗಿದರೆ ಇನ್ನು ಜನ್ಮದಲ್ಲಿ ಚಿತ್ರ ಬರೆಯುವುದಿಲ್ಲ, ಆಟ ಕಟ್ಟುವುದಿಲ್ಲ ಎಂದು ಕಾರ್ಲೊ ಹೇಳಿಬಿಟ್ಟಿದ್ದ. ಹೇಳಿದ್ದನ್ನು ಮಾಡುವ ಜಾತಿಯವನು ಬೇರೆ.

ಇಂಥ ಆಟಗಳು ಮಾರಾಟವಾಗುವುದು ಆನ್‌ಲೈನ್ ಅಂಗಡಿಯಲ್ಲಿ. ಅಲ್ಲಿ ನೂರಾರು ಆಟಗಳ ನಡುವೆ ನಿಮ್ಮ ಮುಖಚಿತ್ರ ಅಂಚೆಚೀಟಿಯಷ್ಟು ಗಾತ್ರದಲ್ಲಿ ಕೂತಿರುತ್ತದೆ. ನೋಡುವವನ ಕಣ್ಣು ಅದರ ಮೇಲೆ ಒಂದು ಕ್ಷಣ ನಿಂತರೆ ಉಳಿದಿರಿ, ಜಾರಿದರೆ ನಾಲ್ಕು ವರ್ಷ ನೀರುಪಾಲು. ಕಾರ್ಲೊ ಮೊದಲು ಬರೆದ ಚಿತ್ರದಲ್ಲಿ ಇಡೀ ಕಾಡಿತ್ತು, ಕೆರೆಯಿತ್ತು, ಮಂಜಿತ್ತು, ಒಂದೊಂದು ಎಲೆಯ ನರವೂ ಇತ್ತು. ಆಟಕ್ಕೆ ಸಂಗೀತ ಕೊಟ್ಟ ಗೆಳತಿ ಟೂಲಿಕ್ಕಿ ಅದನ್ನು ಅಂಗಡಿಯ ಗಾತ್ರಕ್ಕೆ ಇಳಿಸಿ ನೋಡಿ ಫೋನ್ ಮಾಡಿದಳು.

“ಪಾಚಿ ಹಿಡಿದ ಗೋಡೆ ಥರ ಕಾಣ್ತಿದೆ ಕಣೋ. ಅಳಿಲೆಲ್ಲಿ?”

“ಬಲಗಡೆ ಮೂಲೇಲಿ. ಬೆನ್ನು ತಿರುಗಿಸಿ ಕೂತಿದೆ.”

“ಮೂಲೇಲಿ ಯಾಕೆ?”

“ಮಧ್ಯದಲ್ಲಿ ಕೂತ್ರೆ ನೋಡೋರಿಗೆ ತೊಂದ್ರೆ ಅಲ್ವಾ.”

ಟೂಲಿಕ್ಕಿಯೂ ಇದೇ ನಾಡಿನವಳಾದ್ದರಿಂದ ಆ ಕಾರಣ ಅವಳಿಗೆ ಅರ್ಥವಾಯಿತು. ಎದುರುಮನೆಯವರ ಬಾಗಿಲು ಸದ್ದಾದರೆ, ಅವರು ಮೆಟ್ಟಿಲಿಳಿದು ಹೋಗುವವರೆಗೆ ಬೂಟು ಹಾಕಿಕೊಂಡು ಒಳಗೇ ಕಾಯುವ ಜನ ನಾವು. ನಮ್ಮ ಅಳಿಲು ಇನ್ನೆಲ್ಲಿ ಕೂತೀತು? ಆದರೂ ಅವಳು ಕರುಣೆ ತೋರಲಿಲ್ಲ. ಕಾಡನ್ನು ಆಟದೊಳಗೆ ನೋಡಿಕೊಳ್ಳುತ್ತಾರೆ; ಮುಖಚಿತ್ರಕ್ಕೆ ಒಂದೇ ಮುಖ ಸಾಕು, ಅದು ದೊಡ್ಡದಿರಲಿ, ನೋಡುವವನನ್ನು ನೇರ ಕಣ್ಣಲ್ಲಿ ಕಣ್ಣಿಟ್ಟು ನೋಡಲಿ ಎಂದು ಅಪ್ಪಣೆ ಕೊಟ್ಟು ಫೋನಿಟ್ಟಳು. ಅದರ ಮೇಲೆಯೇ ಕಾರ್ಲೊ ಅಡುಗೆಮನೆಯಲ್ಲಿ ಪ್ರತಿಜ್ಞೆ ಮಾಡಿದ್ದು.

ಮುಖ ಬರೆಯಲು ಕೂತ ಮೇಲೆ ಗೊತ್ತಾಯಿತು ಅದರ ಕಷ್ಟ. ನಗುವ ಪಿಕ್ಕು ಟೂತ್‌ಪೇಸ್ಟ್ ಮಾರಲು ಬಂದಂತೆ ಕಂಡಿತು. ವೀರಾವೇಶದ ಪಿಕ್ಕುವಿಗೆ ಹೊಟ್ಟೆನೋವು ಶುರುವಾದಂತಿತ್ತು. ಹಾಗಿರುವಾಗ ಒಂದು ಮಧ್ಯಾಹ್ನ ಊಟಕ್ಕೆ ಕೂತು, ಈ ಸಲ ಆಟ ಗೆದ್ದೇ ಗೆಲ್ಲುತ್ತದೆ, ಇಲ್ಲದಿದ್ದರೆ ಎಲ್ಲವನ್ನೂ ಮೂಟೆ ಕಟ್ಟಿ ಇಡುತ್ತೇನೆ ಎಂದು ಅವನು ಕೊಚ್ಚಿಕೊಳ್ಳುತ್ತಿದ್ದಾಗ, ಸೈಮಿ ಚಾಕು ಕೆಳಗಿಟ್ಟು ಅವನನ್ನೇ ನೋಡಿದಳು. ಎಡ ಹುಬ್ಬು ಒಂಚೂರು ಮೇಲೆ, ತುಟಿ ಬಿಗಿ, ಕಣ್ಣು ಅಗಲ.

ಆಹಾ, ಕೋಪ ಅಂದರೆ ಇದಪ್ಪಾ ಎಂದುಕೊಂಡ ಕಾರ್ಲೊ. ತಟ್ಟೆಯಲ್ಲಿದ್ದ ಮೀನು ತಣ್ಣಗಾಗಲು ಬಿಟ್ಟು ಓಡಿಹೋಗಿ, ಆ ನೋಟವನ್ನು ಇದ್ದ ಹಾಗೇ ಅಳಿಲಿನ ಮುಖಕ್ಕೆ ಇಳಿಸಿದ. ಕಡುನೀಲಿ ಹಿನ್ನೆಲೆ, ಕಿತ್ತಳೆ ಬಣ್ಣದ ಮುಖ, ಎರಡು ಕಪ್ಪು ಕಣ್ಣು. ಎಷ್ಟು ಚಿಕ್ಕದು ಮಾಡಿದರೂ ಆ ಕಣ್ಣು ಮಾತ್ರ ಮಾಯವಾಗಲಿಲ್ಲ. ಅವನಿಗೆ ಅವನ ಮೇಲೇ ಗೌರವ ಬಂತು.

ಇನ್ನು ಪರೀಕ್ಷೆ. ಜನರನ್ನು ಬಾಯಿಬಿಟ್ಟು ಕೇಳಿ ಪ್ರಯೋಜನವಿಲ್ಲ. ನಮ್ಮೂರಲ್ಲಿ ಏನು ತೋರಿಸಿದರೂ “ಪರವಾಗಿಲ್ಲ” ಎನ್ನುತ್ತಾರೆ, ಹೊಸ ಮನೆಗೂ ಅದೇ, ಹೊಸ ಸೊಸೆಗೂ ಅದೇ. ಆದ್ದರಿಂದ ಅವನು ಚಿತ್ರವನ್ನು ಅಂಚೆಚೀಟಿಯಷ್ಟೇ ಮಾಡಿ ಮುದ್ರಿಸಿ, ಮೆಟ್ಟಿಲ ಬಳಿಯ ಸೂಚನಾ ಫಲಕದಲ್ಲಿ ಸಿಕ್ಕಿಸಿ ಬಂದ. ಅವರದು ನೆಲಮಹಡಿಯ ಮನೆ. ಬಾಗಿಲಿನ ಇಣುಕುಗಿಂಡಿಯಿಂದ ಫಲಕ ನೇರ ಕಾಣುತ್ತಿತ್ತು. ಕಿಂಡಿಗೆ ಕಣ್ಣಿಟ್ಟು ನಿಲ್ಲುವುದರಲ್ಲಂತೂ ಅವನಿಗೆ ಬಾಲ್ಯದಿಂದ ಅಭ್ಯಾಸವಿತ್ತು.

ಫಲಕದಲ್ಲಿ ಖಾಲಿ ಜಾಗ ಇದ್ದದ್ದು ಸೌನಾ ಪಾಳಿಯ ಪಟ್ಟಿಯ ಪಕ್ಕದಲ್ಲಿ. ಇಡೀ ಕಟ್ಟಡಕ್ಕೆ ಇರುವುದು ಒಂದೇ ಸೌನಾ, ಆ ಉಗಿಸ್ನಾನದ ಕೋಣೆ ವಾರಕ್ಕೊಮ್ಮೆ ಒಂದೊಂದು ಮನೆಗೆ ಒಂದು ಗಂಟೆ. ಪಟ್ಟಿ ಬರೆದು ಕೆಳಗೆ ಸಹಿ ಹಾಕುವವಳು ನಿವಾಸಿಗಳ ಸಂಘದ ಕಾರ್ಯದರ್ಶಿ, ಅಂದರೆ ಸೈಮಿ. ಈ ಸಂಗತಿ ಕಾರ್ಲೊನ ತಲೆಗೆ ಹೊಳೆಯಲೇ ಇಲ್ಲ. ಅವನ ತಲೆಯ ತುಂಬ ಕಿತ್ತಳೆ ಬಣ್ಣವಿತ್ತು.

ಫಲಿತಾಂಶ ದಿಗ್ವಿಜಯ! ಹೋದವರು ನಿಂತರು, ಬಂದವರು ನಿಂತರು. ಮೂರನೇ ಮಹಡಿಯ ರೌಹಾ ಅಜ್ಜಿ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿ, ಎದೆಯ ಮೇಲೆ ಕೈಯಿಟ್ಟುಕೊಂಡು ಲಿಫ್ಟ್ ಹತ್ತಿದರು. ಪೈಪು ರಿಪೇರಿಯ ಧಡೂತಿ ಆಸಾಮಿಯೊಬ್ಬ ಚಿತ್ರ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಕಾರ್ಲೊ ಕಿಂಡಿಯ ಹಿಂದೆ ಮುಷ್ಟಿ ಬಿಗಿದು, ಅಂದೇ ಚಿತ್ರವನ್ನು ಅಂಗಡಿಗೆ ಕಳಿಸಿಬಿಟ್ಟ.

ಆಮೇಲೆ ಕಟ್ಟಡದಲ್ಲಿ ವಿಚಿತ್ರಗಳು ಶುರುವಾದವು. ಎಂದೂ ಹೊತ್ತಿಗೆ ಸರಿಯಾಗಿ ಸೌನಾ ಬಿಡದವರು ಗಂಟೆ ಮುಗಿಯುವ ಮುಂಚೆಯೇ ಒದ್ದೆ ತಲೆಯಲ್ಲಿ ಹೊರಗೆ ಓಡತೊಡಗಿದರು. ನೆಲ ತಿಕ್ಕಿ ತೊಳೆದಿರುತ್ತಿತ್ತು, ಬಕೆಟ್ಟುಗಳು ಸಾಲಾಗಿ ಬೋರಲು ಬಿದ್ದಿರುತ್ತಿದ್ದವು. ಮೆಟ್ಟಿಲ ಕೆಳಗಿನ ಸೈಕಲ್ಲುಗಳೆಲ್ಲ ಕಣ್ಮರೆಯಾದವು. ಒಂದು ಬೆಳಿಗ್ಗೆ ಸೈಮಿಯ ಬಾಗಿಲಲ್ಲಿ ಯಾರೋ ಏಲಕ್ಕಿ ಬನ್ನಿನ ಪೊಟ್ಟಣ ಇಟ್ಟು ಹೋಗಿದ್ದರು, ಹೆಸರಿರಲಿಲ್ಲ.

ಸೈಮಿ ಮಾತ್ರ ದಿನದಿಂದ ದಿನಕ್ಕೆ ಕುಗ್ಗಿದಳು. ತಾನು ಬಂದರೆ ಜನ ಲಿಫ್ಟಿನಿಂದ ಇಳಿದುಬಿಡುತ್ತಾರೆ, ಮೊದಲೂ ಮಾತಿರಲಿಲ್ಲ ನಿಜ, ಆದರೆ ಈಗಿನ ಮೌನವೇ ಬೇರೆ ಥರ ಎಂದು ಗಂಡನ ಹತ್ತಿರ ತೋಡಿಕೊಂಡಳು. ತನ್ನಿಂದ ಏನು ತಪ್ಪಾಯಿತೋ ಎಂದು ಅವಳಿಗೆ ನಿಜವಾಗಿ ದುಃಖವಾಗಿತ್ತು. ಕಾರ್ಲೊ ಅವಳನ್ನು ಸಮಾಧಾನ ಮಾಡುತ್ತ ಬನ್ನು ತಿಂದ.

ಕೊನೆಗೆ ರೌಹಾ ಅಜ್ಜಿಯೇ ಮೆಟ್ಟಿಲಲ್ಲಿ ಸೈಮಿಯನ್ನು ನಿಲ್ಲಿಸಿದರು. “ನಾವೂ ವಯಸ್ಸಾದವರಮ್ಮ, ಉಗಿಯಲ್ಲಿ ಕೂತ್ರೆ ಹೊತ್ತು ಹೋದದ್ದು ಗೊತ್ತಾಗಲ್ಲ,” ಎಂದರು. “ಬಾಯಲ್ಲಿ ಹೇಳಿದ್ರೆ ಸಾಕಿತ್ತು. ನಿನ್ನ ಮುಖಾನೇ ಅಲ್ಲಿ ಅಂಟಿಸಬೇಕಿತ್ತಾ?”

ಸೈಮಿ ಫಲಕದ ಹತ್ತಿರ ಹೋದಳು. ವಾಪಸ್ಸು ಬಂದಾಗ ಚಿತ್ರ ಅವಳ ಬೆರಳ ತುದಿಯಲ್ಲಿತ್ತು.

“ಇದು ಯಾರು?”

“ಪಿಕ್ಕು. ಅಳಿಲು.”

“ಹುಟ್ಟಿದಾಗಿಂದ ಈ ಹುಬ್ಬನ್ನ ಕನ್ನಡೀಲಿ ನೋಡ್ತಿದೀನಿ, ಕಾರ್ಲೊ. ನಾನು ನಿನಗೆ ಹೀಗೆ ಕಾಣ್ತೀನಾ?”

ಅಳಿಲುಗಳ ಹುಬ್ಬೂ ಸಾಮಾನ್ಯವಾಗಿ ಹೀಗೇ ಇರುತ್ತದೆ ಎಂದು ಶುರುಮಾಡಿದವನು ಅರ್ಧಕ್ಕೇ ಸೋತು ಒಪ್ಪಿಕೊಂಡ. ಅವತ್ತು ಊಟದ ಹೊತ್ತಿನಲ್ಲಿ ಅವಳಿಗೆ ತುಂಬ ಕೋಪ ಬಂದಿತ್ತಲ್ಲ, ಆ ಕೋಪ ಅಷ್ಟು ಚೆನ್ನಾಗಿತ್ತು, ಬಿಡಲು ಮನಸ್ಸಾಗಲಿಲ್ಲ ಎಂದ.

“ಕೋಪ ಅಲ್ಲ ಅದು, ಭಯ,” ಎಂದಳು ಸೈಮಿ. “ಈ ಸಲವೂ ಯಾರೂ ತಿರುಗಿ ನೋಡ್ದೇ ಹೋದ್ರೆ ನಿನ್ನ ಗತಿ ಏನಾಗುತ್ತೋ ಅಂತ ಹೆದರ್ಕೊಂಡು ಕೂತಿದ್ದೆ. ಹೇಳಿದ್ರೆ ನಿನಗಿದ್ದ ಧೈರ್ಯವೂ ಹೋಗುತ್ತೆ ಅಂತ ಬಾಯಿ ಮುಚ್ಕೊಂಡಿದ್ದೆ.”

ಕಾರ್ಲೊಗೆ ಆ ಕ್ಷಣ ಮೇಜಿನ ಕೆಳಗೆ ನುಸುಳಿಕೊಳ್ಳಬೇಕೆನಿಸಿತು. ಮದುವೆಯಾಗಿ ಹದಿನಾಲ್ಕು ವರ್ಷ, ಹುಬ್ಬಿನ ಕೂದಲು ಕೂದಲನ್ನೂ ಸರಿಯಾಗಿ ಬರೆದಿದ್ದ, ಅದರ ಅರ್ಥ ಮಾತ್ರ ಅವನಿಗೆ ಗೊತ್ತಿರಲಿಲ್ಲ. ಚಿತ್ರವನ್ನು ಈಗಲೇ ಅಂಗಡಿಯಿಂದ ತೆಗೆಸುತ್ತೇನೆ, ಬೇರೆ ಮುಖ ಬರೆಯುತ್ತೇನೆ ಎಂದು ಎದ್ದ. ಸೈಮಿ ಬೆರಳ ತುದಿಯ ಚಿತ್ರವನ್ನು ಇನ್ನೊಮ್ಮೆ ನೋಡಿದಳು. ಬೇಡ, ಇಷ್ಟು ಜನ ನಿಂತು ನೋಡಿದ್ದಾರೆ, ಹಾಗೇ ಇರಲಿ ಎಂದಳು. ಅಳಿಲಿಗೂ ಸೌನಾಕ್ಕೂ ಸಂಬಂಧವಿಲ್ಲ ಎಂದು ಫಲಕದಲ್ಲಿ ಒಂದು ಸೂಚನೆಯನ್ನೂ ಹಾಕಿದಳು. ಅದನ್ನು ಓದಿ ಕಟ್ಟಡದವರು ಇನ್ನಷ್ಟು ಹೆದರಿಕೊಂಡರು.

ಆಟ ಅಂಗಡಿಗೆ ಬಂದ ದಿನ ಬೆಳಿಗ್ಗೆ ಇಬ್ಬರೂ ಕಾಫಿ ಹಿಡಿದು ಪರದೆಯ ಮುಂದೆ ಕೂತರು. ಸಾಲುಸಾಲು ಚಿತ್ರಗಳ ನಡುವೆ ಪಿಕ್ಕು ಕಣ್ಣರಳಿಸಿ ನೋಡುತ್ತಿತ್ತು. ಒಂದು ಕಾಫಿ ಮುಗಿಯಿತು, ಎರಡನೆಯದೂ ಆರಿತು. ಕಾರ್ಲೊ ಉಗುರು ಕಚ್ಚತೊಡಗಿದ. ಆಗ ಒಂದು ಆಟ ಮಾರಾಟವಾಯಿತು, ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು, ಮತ್ತೊಂದು. ಮೊದಲು ಕೊಂಡವರು ಪೋರ್ಚುಗಲ್‌ನ ಯಾರೋ ಹೆಂಗಸು. ಕೆಳಗೆ ನಾಲ್ಕು ಸಾಲು ಬರೆದಿದ್ದರು. ಬೇರೇನೋ ಹುಡುಕುತ್ತ ಹೋಗುತ್ತಿದ್ದೆ, ಈ ಪುಟ್ಟ ಅಳಿಲು ತನ್ನವರಿಗೆ ಏನಾಗುತ್ತದೋ ಎಂದು ಹೆದರಿ, ಹೇಳಲಾರದೆ ಕೂತಂತೆ ಕಂಡಿತು, ಬಿಟ್ಟು ಮುಂದೆ ಹೋಗಲು ಆಗಲಿಲ್ಲ ಎಂದು.

ಸೈಮಿ ಅದನ್ನು ಎರಡು ಸಲ ಓದಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

“ಪೋರ್ಚುಗಲ್ ಇಲ್ಲಿಂದ ಎಷ್ಟು ದೂರ?”

“ತುಂಬಾ ದೂರ,” ಎಂದ ಕಾರ್ಲೊ. “ಯೂರೋಪಿನ ಆ ತುದಿ.”

“ಅಲ್ಲಿಗೆ ಕಾಣಿಸ್ತು ನೋಡು,” ಎಂದಳು ಸೈಮಿ. “ನೀನು ಮೇಜಿನ ಆಚೆ ಕೂತಿದ್ದೆ.”