ಟಾವೆಲ್ ಕೆಳಗಿನ ಮಾತು

ಕಾಳಿನ ವ್ಯಾಪಾರದವರಿಗೆ ನಗಲು ಪುರುಸೊತ್ತಿಲ್ಲ ಎಂದು ಜನ ತಿಳಿದಿದ್ದಾರೆ. ನಮ್ಮ ಶಿಗ್ಗಾಂವಿ ಅಂಗಡಿಯ ಕಟ್ಟೆಯ ಮೇಲೆ ಒಂದು ದಿನ ಕೂತು ನೋಡಲಿ. ದಿನಕ್ಕೊಂದು ಫಜೀತಿ ಯಾರೂ ಕರೆಯದೆ ನಡೆದು ಬರುತ್ತದೆ, ಚಹಾ ಕುಡಿದೇ ಹೋಗುತ್ತದೆ.

ಬೋರ್ಡಿನ ಮೇಲೆ ನಮ್ಮದು ಟ್ರೇಡಿಂಗ್ ಕಂಪನಿ. ಜನರ ಬಾಯಲ್ಲಿ ‘ಕಾಳು-ಅರಬಿ ಅಂಗಡಿ’. ಅರಬಿ ಎಂದರೆ ನಮ್ಮ ಕಡೆ ಬಟ್ಟೆ. ಎಡಗಡೆಯ ಬಾಗಿಲಲ್ಲಿ ಗೋವಿನಜೋಳ, ಹತ್ತಿ, ಶೇಂಗಾ ಖರೀದಿ. ಬಲಗಡೆಯ ಬಾಗಿಲಲ್ಲಿ ಸೀರೆ, ಕುಪ್ಪಸದ ಖಣ, ಧೋತರ, ಅಂಗಿ ಬಟ್ಟೆ ಮಾರಾಟ. ಹಾನಗಲ್ಲ, ಸವಣೂರು, ಹಿರೇಕೆರೂರುಗಳಲ್ಲಿ ಒಂದೊಂದು ಗೋದಾಮು, ಒಬ್ಬೊಬ್ಬ ಮ್ಯಾನೇಜರ್. ಕಾಳಿನ ಬಾಗಿಲು ಸಾವ್ಕಾರ್ರದು. ಅರಬಿ ಬಾಗಿಲು ಅವರ ಹೆಂಡತಿಯದು. ಅವರನ್ನು ನಾವೆಲ್ಲ ಅವ್ವಾರು ಎನ್ನುತ್ತಿದ್ದೆವು. ಅವ್ವಾರು ತೀರಿಕೊಂಡ ಮೇಲೆ ಸಾವ್ಕಾರ್ರು ಅಂಗಡಿಗೆ ಬರುವುದೇ ಅಪರೂಪವಾಯಿತು. ಈಗ ಎರಡೂ ಬಾಗಿಲು ನೋಡಿಕೊಳ್ಳುವವರು ಅವರ ಮಗಳು. ನಾನು ಮೊದಲು ಸಾವ್ಕಾರ್ರ ಜೊತೆ ಕಾಳಿನ ಪೇಟೆ ತಿರುಗುತ್ತಿದ್ದೆ. ಆಮೇಲೆ ಅವ್ವಾರು ನನ್ನನ್ನು ಅರಬಿ ಹರಿಯಲು ಕೂಡಿಸಿಕೊಂಡರು. ಈಗಲೂ ಅಲ್ಲೇ ಇದ್ದೇನೆ.

ಅವ್ವಾರು ಕೂಡುತ್ತಿದ್ದ ಗಾದಿಯೂ ಅಲ್ಲೇ ಇದೆ. ದಿನಾ ಬೆಳಿಗ್ಗೆ ಅದರ ಧೂಳು ಕೊಡವುತ್ತೇನೆ, ಯಾರೂ ಕೂಡುವುದಿಲ್ಲ. ಆದರೆ ಈಚೆಗೆ ಗೋವಿನಜೋಳಕ್ಕೆ ಕೋಳಿ ಆಹಾರದವರು, ಇಥೆನಾಲ್ ಫ್ಯಾಕ್ಟರಿಯವರು ಮುಗಿಬಿದ್ದಿದ್ದಾರೆ, ಚೀಲ ಇಡಲು ಜಾಗ ಸಾಲುತ್ತಿಲ್ಲ. ಅರಬಿ ಕೊಳ್ಳುವವರೋ ಹುಬ್ಬಳ್ಳಿಗೆ ಹೋಗುತ್ತಾರೆ, ಇಲ್ಲವೇ ಫೋನಿನಲ್ಲಿ ತರಿಸುತ್ತಾರೆ. ಹಾಗಾಗಿ ಅರಬಿ ಬಾಗಿಲು ಮುಚ್ಚಿ ಅಲ್ಲಿ ಚೀಲ ಒಟ್ಟಬೇಕು ಎಂಬ ಮಾತು ದೀಪಾವಳಿಯಿಂದ ನಡೆದಿತ್ತು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಹಳೆಯದು ನೆನಪಾಗಿ ನಗು ಬರುತ್ತಿತ್ತು. ಹಿಂದೆಯೇ ಎದ್ದು ಗಾದಿಯ ಧೂಳನ್ನು ಇನ್ನೊಮ್ಮೆ ಕೊಡವುತ್ತಿದ್ದೆ.

ನಾಲ್ಕೂವರೆ ಬೆರಳು

ಮೊದಲು ಪೇಟೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೊಳ್ಳುವವನು ಹೆಗಲ ಮೇಲಿನ ಟಾವೆಲ್ ತೆಗೆದು ಮಾರುವವನ ಕೈಮೇಲೆ ಹಾಕುತ್ತಿದ್ದ. ಅದರ ಕೆಳಗೆ ಬೆರಳು ಹಿಡಿಯುವುದು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಪಂಜಾ ಹಿಡಿದರೆ ಐದು. ಸುತ್ತ ನಿಂತವರಿಗೆ ಏನೂ ತಿಳಿಯುತ್ತಿರಲಿಲ್ಲ. ಇದಕ್ಕೆಲ್ಲ ಒಂದೇ ಕಾಯಿದೆ: ಟಾವೆಲ್ ತೆಗೆದ ಮೇಲೆ ಮಾತಿಲ್ಲ. ಹಿಡಿದದ್ದು ಹಿಡಿದ ಹಾಗೆ.

ಚಿಕ್ಕೇರೂರಿನಲ್ಲಿ ಒಬ್ಬ ದಲ್ಲಾಳಿ ಇದ್ದ. ಅವನ ಬಲಗೈ ಕಿರುಬೆರಳು ಮೇವು ಕತ್ತರಿಸುವ ಮಷೀನಿಗೆ ಸಿಕ್ಕು ಅರ್ಧ ಹೋಗಿತ್ತು. ಸಾವ್ಕಾರ್ರು ಒಮ್ಮೆ ಅವನ ಕೈಮೇಲೆ ಟಾವೆಲ್ ಹಾಕಿದರು, ಪಂಜಾ ಹಿಡಿದರು, ಟಾವೆಲ್ ತೆಗೆದರು.

“ಐದಕ್ಕ ಆತ್ರಿ ಹಂಗಾರ,” ಅಂದ ದಲ್ಲಾಳಿ ಖುಷಿಯಿಂದ.

“ನಾಕೂವರಿಗೆ,” ಅಂದರು ಸಾವ್ಕಾರ್ರು.

“ಪಂಜಾನ ಹಿಡದ್ರಲ್ರೀ!”

“ಹಿಡದೇನಿ. ಇದ್ದಷ್ಟು ಹಿಡದೇನಿ. ಇಲ್ಲದ ಬೆರಳ ಎಲ್ಲಿಂದ ಹಿಡೀಲಿ?”

ಪೇಟೆಯೆಲ್ಲ ಸೇರಿ ನ್ಯಾಯ ಮಾಡಿತು. ಅರ್ಧ ಜನ ಐದು ಅಂದರು, ಅರ್ಧ ಜನ ನಾಲ್ಕೂವರೆ ಅಂದರು. ಊಟದ ಹೊತ್ತಿಗೆ ದಲ್ಲಾಳಿಯೇ ಸೋತು, “ಆತು ಬಿಡ್ರಿ, ಇನ್ನಮ್ಯಾಲ ನಾ ಎಡಗೈನ ಕೊಡ್ತೇನಿ, ಅದು ಪೂರ್ತಿ ಐತಿ,” ಅಂದ.

ಈ ಸುದ್ದಿ ಹೇಳಿದಾಗ ಅವ್ವಾರು ಗಾದಿಯ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಗಂಡನಿಗೆ ಕೇಳಿಸುವ ಹಾಗೆ ನನಗೆ ಹೇಳಿದರು: “ನೋಡಪ್ಪಾ, ಲಗ್ನ ಆಗಿ ಇಷ್ಟು ವರ್ಷ ಆತು. ದಲ್ಲಾಳ್ಯಾರ ಕೈಯಾದ್ರ ತಾಸಗಟ್ಲೆ ಹಿಡ್ಕೊಂಡು ಕುಂದ್ರತಾರ. ನನ್ನ ಕೈ ಒಮ್ಮೆರೆ ಹಂಗ ಹಿಡದಾರೇನು ಕೇಳು.”

ಸಾವ್ಕಾರ್ರು ಶೇಂಗಾ ಸುಲಿಯುವುದನ್ನು ನಿಲ್ಲಿಸಲೂ ಇಲ್ಲ. “ಈಕಿ ಕೈ ಹಿಡದು ದರ ಕೇಳಿದ್ರ ನಾ ಮನಿ ಮಾರಬೇಕಾಗತೈತಿ,” ಅಂದರು.

ಸೀರೆ ದರ ಇಳಿಯುವ ತನಕ

ಅರಬಿ ಬಾಗಿಲು ಶುರುವಾದದ್ದೇ ಅವ್ವಾರ ಹಟದಿಂದ. “ಗೋವಿನಜ್ವಾಳ ಮಾರಿದ ಗಂಡಸು ಸೀದಾ ಚಾದಂಗಡಿಗೆ ಹೊಕ್ಕಾನ. ಹೊಲದಾಗ ಮೈ ಮುರದಾಕಿ ಹೊರಗ ಕುಂತಿರ್ತಾಳ. ಆಕಿಗೂ ಒಂದು ಬಾಗಲಾ ಇರ್ಲಿ,” ಎನ್ನುತ್ತಿದ್ದರು.

ಆ ಬಾಗಿಲಿಗೆ ತಿಳವಳ್ಳಿಯ ಒಬ್ಬ ರೈತ ಹೆಂಡತಿಯನ್ನು ಕರೆದುಕೊಂಡು ಬಂದ. ಅವನು ದರ ಏರಲಿ ಎಂದು ಗೋವಿನಜೋಳ ತಡೆದು ತಡೆದು ಮಾರುವ ಶಾಣ್ಯಾ. ಹೆಂಡತಿ ಒಂದು ಹಸಿರು ಸೀರೆ ಮೆಚ್ಚಿ ಮಡಿಲಲ್ಲಿ ಇಟ್ಟುಕೊಂಡಳು. ಅವನು ಅವ್ವಾರನ್ನು ಕೇಳಿದ, “ಸೀರಿ ದರ ಮುಂದ ಹೆಂಗ ಅನ್ರಿ? ಇಳಿಯು ಲಕ್ಷಣ ಅದಾವೇನು?”

“ಇದೇನು ಗೋವಿನಜ್ವಾಳೇನ್ರಿ, ದಿನಾ ಏರಿ ಇಳಿಯಾಕ?”

“ಇರ್ಲಿ, ಒಂದೆರಡು ವಾರ ತಡದು ನೋಡೂಣು.”

ಹೆಂಡತಿ ಸೀರೆಯನ್ನು ನೀಟಾಗಿ ಮಡಚಿ ಅವ್ವಾರ ಕೈಗೆ ಕೊಟ್ಟು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು. ಆಕೆಯ ನಡಿಗೆ ನೋಡಿಯೇ ಅವ್ವಾರು ಆ ಸೀರೆಯನ್ನು ಬೇರೆ ಎತ್ತಿಟ್ಟರು.

ಮುಂದಿನ ವಾರವೇ ರೈತ ಒಬ್ಬನೇ ಬಂದ. “ದರ ಇಳದೈತೇನ್ರಿ?”

“ಇಲ್ರಿ.”

“ಅಡ್ಡಿಯಿಲ್ಲ, ಕಟ್ರಿ. ಅದರ ಜೋಡಿ ಇನ್ನೊಂದು ಕಟ್ರಿ.”

“ಎರಡ್ಯಾಕ್ರಿ?”

“ಮನ್ಯಾಗ ಮಾತು ಬಂದ್ ಆಗೇತ್ರಿ. ಅಡಗಿನೂ ಅರ್ಧ ಬಂದ್ ಆಗೇತಿ.”

ಅವ್ವಾರು ಸೀರೆ ಕಟ್ಟುತ್ತ ಹೇಳಿದರು: “ಹೆಣಮಕ್ಕಳ ಸಿಟ್ಟು ಏರಿತಂದ್ರ ಇಳಿಯು ಮಾರ್ಕೆಟ್ ಅಲ್ರಿ ಅದು. ಏರೂ ಮದ್ಲ ಖರೀದಿ ಮುಗಿಸಬೇಕು.”

ಆ ರೈತ ಈಗಲೂ ಸುಗ್ಗಿ ಮುಗಿದ ಮೇಲೆ ಮೊದಲು ಬರುವುದು ಅರಬಿ ಬಾಗಿಲಿಗೆ. ಅವ್ವಾರು ತೀರಿಕೊಂಡ ವರ್ಷವೂ ಬಂದಿದ್ದ. ಗಾದಿಯ ಕಡೆ ನೋಡಿದ, ನಾನು ಹೇಳಿದಷ್ಟು ಕೊಟ್ಟು ಸೀರೆ ತೆಗೆದುಕೊಂಡ. ಮೆಟ್ಟಿಲು ಇಳಿದವನು ತಿರುಗಿ ಬಂದು ಮೆಲ್ಲಗೆ ಹೇಳಿದ: “ಚೌಕಾಶಿ ಮಾಡಾಕ ಮನಸ್ಸಾಗಲಿಲ್ರಿ. ಆದ್ರ ಇದು ನಮ್ಮ ಮನ್ಯಾಗ ತಿಳೀಬಾರದು. ಕೇಳಿದಷ್ಟು ಕೊಟ್ಟು ಬಂದಿ ಅಂತ ಮತ್ತ ಅಡಗಿ ಬಂದ್ ಆದೀತು.”

ಗಾಜಿನ ಸೀರೆ

ಮಗಳಿಗೆ ಅರಬಿ ಬಾಗಿಲು ಮುಚ್ಚುವ ಆಸೆಯೇನೂ ಇರಲಿಲ್ಲ. ಉಳಿಸಲು ಆಕೆಯೂ ಒದ್ದಾಡಿದರು. ಸೀರೆಗಳ ಫೋಟೊ ತೆಗೆದು ಊರೂರಿಗೆ ವಾಟ್ಸಾಪ್ ಮಾಡಿದರು. ನನ್ನ ಕೈಗೂ ಒಂದು ದೊಡ್ಡ ಫೋನ್ ಕೊಟ್ಟು, “ಕಾಕಾ, ಬಂದವ್ರಿಗೆ ಹೊಸಾ ಡಿಸೈನ್ ಇದರಾಗ ತೋರಿಸ್ರಿ,” ಅಂದರು.

ಮೊದಲ ಗಿರಾಕಿ ಹುಲಗೂರಿನ ಅಜ್ಜಿ. ಫೋಟೊ ತೋರಿಸಿದೆ. ಆಕೆ ಎರಡು ಬೆರಳಿನಿಂದ ಪರದೆಯನ್ನು ಹಿಡಿದು ತಿಕ್ಕಿದಳು. “ಭಾಳ ನುಣುಪೈತೋ ತಮ್ಮಾ, ಮೈಮ್ಯಾಲ ನಿಲ್ಲೂದಿಲ್ಲ.”

“ಅದು ಗಾಜು ಬೇ. ಅರಬಿ ಬ್ಯಾರೆ ಐತಿ.”

“ಹಂಗಾರ ಗಾಜು ಯಾಕ ತೋರಸ್ತಿ? ಸೆರಗು ಎಲ್ಲೈತಿ?” ಎಂದು ಇನ್ನೂ ಜೋರಾಗಿ ಎಳೆದಳು. ಎಳೆದ ರಭಸಕ್ಕೆ ಫೋನು ಹಿರೇಕೆರೂರಿನ ಮ್ಯಾನೇಜರನಿಗೆ ಹೋಯಿತು. ಅವನು ಒಳಗಿನಿಂದ, “ಹಲೋ, ಯಾರ್ರಿ? ಹೇಳ್ರಿ!” ಅಂದ.

ಅಜ್ಜಿ ಫೋನನ್ನು ಗಾದಿಯ ಮೇಲೆ ಇಟ್ಟು ದೂರ ಸರಿದಳು. “ನಿಮ್ಮ ಅವ್ವಾರ ಇದ್ದಾಗ ಗಿರಾಕಿ ಮಾತಾಡತಿದ್ರು, ಸೀರಿ ಸುಮ್ಮನ ಇರ್ತಿದ್ವು,” ಅಂದಳು.

ಔಟ್‌ಲುಕ್

ನಮ್ಮ ಕಾಳು ಕೊಳ್ಳುವ ದೊಡ್ಡ ಮಿಲ್ಲಿನವರು, ಬರುವ ವರ್ಷ ನಿಮ್ಮ ವ್ಯಾಪಾರ ಹೇಗೆ ಕಾಣುತ್ತದೆ ಎಂದು ಕೇಳಿದರು. ಮಗಳು ಮೂರೂ ಕಡೆಯ ಮ್ಯಾನೇಜರರಿಗೆ ಮೆಸೇಜ್ ಹಾಕಿದರು: ‘ನಾಳೆಯೊಳಗೆ ನಿಮ್ಮ ಬಿಸಿನೆಸ್ ಔಟ್‌ಲುಕ್ ಕಳಿಸಿ.’

ಹಾನಗಲ್ಲಿನವನು ಔಟ್ ಎಂದರೆ ಹೊರಗೆ, ಲುಕ್ ಎಂದರೆ ನೋಟ ಎಂದು ಬಿಡಿಸಿಕೊಂಡ. ಬೆಳಗಾಗುವುದರೊಳಗೆ ಗೋದಾಮಿನ ಹೊರಗೋಡೆಗೆ ಸುಣ್ಣ ಹೊಡೆಸಿ, ಬಾಗಿಲಿಗೆ ಮಾವಿನ ತೋರಣ ಕಟ್ಟಿ ಫೋಟೊ ಕಳಿಸಿದ. ಹಿರೇಕೆರೂರಿನವನು ತನ್ನದೇ ಲುಕ್ ಇರಬೇಕೆಂದು ಮೀಸೆಗೆ ಬಣ್ಣ ಹಚ್ಚಿ, ನಮ್ಮದೇ ಅಂಗಡಿಯ ಬಟ್ಟೆಯ ಅಂಗಿ ಹಾಕಿಕೊಂಡು ಚೀಲದ ಒಟ್ಟಿಲಿನ ಮುಂದೆ ನಿಂತು ಕಳಿಸಿದ. ಸವಣೂರಿನವನು ಪ್ರಾಮಾಣಿಕ. ಫೋಟೊದ ಗೋಜಿಗೆ ಹೋಗದೆ ಬರೆದ: ‘ಔಟ್‌ಲುಕ್ ಚೊಲೋ ಐತ್ರಿ ಅಕ್ಕಾರ. ಆದ್ರ ಒಳಗ ಇಲಿ ಭಾಳ ಅದಾವ.’

ಮಗಳು ಮೂರನ್ನೂ ನೋಡಿ ನಗಲು ಶುರು ಮಾಡಿದರು. ಹೊಟ್ಟೆ ಹಿಡಿದು, ಬಗ್ಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಾನು ಅರಬಿ ಅಳೆಯುತ್ತಿದ್ದವನು ತಿರುಗಿ ಗಾದಿಯ ಕಡೆ ನೋಡಿದೆ. ಆ ನಗು ಥೇಟ್ ಅವ್ವಾರದು. ಅಂಗಡಿಯಲ್ಲಿ ಆ ದನಿ ಕೇಳಿ ಎಷ್ಟೋ ದಿನವಾಗಿತ್ತು. ನನ್ನ ಅಳತೆ ತಪ್ಪಿತು. ಅಂಗಿ ಬಟ್ಟೆ ಕೇಳಿದವನಿಗೆ ಅಂಗಿಯ ಜೊತೆ ಪಾಯಿಜಾಮಕ್ಕೂ ಆಗುವಷ್ಟು ಹರಿದುಕೊಟ್ಟೆ.

ಟಾವೆಲ್ ತೆಗೆದ ಮೇಲೆ

ಆ ನಗು ಆದ ಮರುವಾರವೇ ಮೀಟಿಂಗು. ಮೂವರೂ ಮ್ಯಾನೇಜರರು ಬಂದರು, ಹಿರೇಕೆರೂರಿನವನ ಮೀಸೆಯ ಬಣ್ಣ ಇನ್ನೂ ಇತ್ತು. ಸಾವ್ಕಾರ್ರನ್ನು ಮನೆಯಿಂದ ಕಾರಿನಲ್ಲಿ ಕರೆತಂದರು. ಬಹಳ ದಿನದ ಮೇಲೆ ಬಂದಿದ್ದರು. ಅರಬಿ ಬಾಗಿಲಿನಿಂದಲೇ ಒಳಗೆ ಬಂದು, ಗಾದಿಯ ಎದುರಿನ ಕುರ್ಚಿಯಲ್ಲಿ ಕೂತರು. ನಾನು ಪಕ್ಕದಲ್ಲಿ ನಿಂತೆ.

ಮಗಳು ಎಲ್ಲವನ್ನೂ ಬಿಡಿಸಿ ಹೇಳಿದರು. ಗೋವಿನಜೋಳಕ್ಕೆ ಮುಂದೆ ಒಳ್ಳೆಯ ದಿನಗಳಿವೆ, ಜಾಗ ಬೇಕು. ಹತ್ತಿಯನ್ನು ನೆಚ್ಚುವ ಹಾಗಿಲ್ಲ. ಅರಬಿ ವ್ಯಾಪಾರ ಇಳಿಯುತ್ತಿದೆ, ಏರುವ ಲಕ್ಷಣ ಇಲ್ಲ. ಎಲ್ಲ ಸರಿಯಾದ ಮಾತೇ. ಹಾನಗಲ್ಲಿನವನು ತಲೆಯಾಡಿಸಿದ, ಸವಣೂರಿನವನು ತಲೆಯಾಡಿಸಿದ. ನನಗೆ ಕಾಳಿನ ಬಾಗಿಲಲ್ಲಿ ಕೆಲಸ ಸಿಗುತ್ತಿತ್ತು, ಆ ಚಿಂತೆ ಇರಲಿಲ್ಲ. ಆ ಗಾದಿಯನ್ನು ಎತ್ತಿ ಎಲ್ಲಿ ಇಡುವುದು ಎಂಬುದೇ ನನಗೆ ತಿಳಿಯುತ್ತಿರಲಿಲ್ಲ.

ಕೊನೆಗೆ ಮಗಳ ದನಿಯೂ ತಗ್ಗಿತು. “ಅಪ್ಪಾ, ಇದು ಅವ್ವನ ಬಾಗಲಾ. ನಾ ಒಬ್ಬಾಕಿನ ಮುಚ್ಚೂದಿಲ್ಲ. ಇನ್ನ ಎಷ್ಟು ವರ್ಷ ನಡಸೂಣು, ನೀವ ಹೇಳ್ರಿ.”

ಸಾವ್ಕಾರ್ರು ಗಾದಿಯ ಕಡೆ ನೋಡುತ್ತ ಕೂತರು. ಆಮೇಲೆ ಹೆಗಲ ಮೇಲಿನ ಟಾವೆಲ್ ತೆಗೆದು ನನ್ನ ಕೈಮೇಲೆ ಹಾಕಿ, ಅದರ ಕೆಳಗೆ ನನ್ನ ಕೈ ಹಿಡಿದರು. ಪೇಟೆ ಬಿಟ್ಟ ಮೇಲೆ ಅವರು ಹಾಗೆ ಮಾಡಿದ್ದು ಅದೇ ಮೊದಲು. ಮೂವರೂ ಮ್ಯಾನೇಜರರು ಉಸಿರು ಬಿಗಿಹಿಡಿದು ಟಾವೆಲ್ ನೋಡಿದರು. ನಾನು ಕಣ್ಣುಮುಚ್ಚಿ ಬೆರಳು ಲೆಕ್ಕ ಹಾಕಿದೆ. ಒಂದಲ್ಲ, ಎರಡಲ್ಲ, ಇಡೀ ಪಂಜಾ. ಗಟ್ಟಿಯಾಗಿ ಹಿಡಿದಿದ್ದರು, ಬಿಡಲೇ ಇಲ್ಲ. ಬಹಳ ಹೊತ್ತಿನ ಮೇಲೆ ಟಾವೆಲ್ ತೆಗೆದು ಅದರಲ್ಲೇ ಮುಖ ಒರೆಸಿಕೊಂಡರು.

“ಎಷ್ಟು ಹೇಳಿದ್ರು ಕಾಕಾ?” ಅಂದರು ಮಗಳು.

“ಐದು ವರ್ಷ ಅಂತ್ರಿ,” ಅಂದೆ.

“ಐದು? ಅಪ್ಪಾ, ಖರೇನ?”

ಸಾವ್ಕಾರ್ರು ಬೆಚ್ಚಿ ನನ್ನ ಮುಖ ನೋಡಿದರು, ಮಗಳ ಮುಖ ನೋಡಿದರು. ಹಿರೇಕೆರೂರಿನವನೇ ಮಧ್ಯೆ ಬಾಯಿ ಹಾಕಿದ, “ಅಕ್ಕಾರ, ಟಾವೆಲ್ ತೆಗೆದ ಮ್ಯಾಲ ಮಾತಿಲ್ರಿ. ಇಡೀ ಪೇಟಿ ಕಾಯಿದೆ ಅದು.” ಮಗಳು “ಹಂಗಾರ ಚೀಲಕ್ಕ ಹೊರಗ ಗೋದಾಮು ಹುಡುಕ್ರಿ,” ಎಂದು ಎದ್ದರು. ಎದ್ದವರು ಮುಖ ಆ ಕಡೆ ತಿರುಗಿಸಿಕೊಂಡದ್ದನ್ನು ನಾನು ನೋಡಿದೆ. ಸಂತೋಷವಾಗಿತ್ತು ಆಕೆಗೂ.

ಎಲ್ಲರೂ ಚಹಾಕ್ಕೆ ಹೋದ ಮೇಲೆ ಸಾವ್ಕಾರ್ರು ನನ್ನನ್ನು ಹತ್ತಿರ ಕರೆದರು.

“ಏ ತಮ್ಮಾ, ಐದು ವರ್ಷ ಎಲ್ಲಿಂದ ತಂದ್ಯೋ?”

“ಪಂಜಾ ಹಿಡದ್ರಲ್ರೀ!”

“ನಾ ದರ ಎಲ್ಲಿ ಹೇಳೇನಿ? ಆಕಿ ಗಾದಿ ಕಂಡು ಅಳು ಬಂತು. ಮ್ಯಾನೇಜರ್‌ಗೋಳ ಮುಂದ ಅಳಬಾರದಂತ ನಿನ್ನ ಕೈ ಗಟ್ಟಿ ಹಿಡ್ಕೊಂಡೆ. ಅದು ಕಾಣಬಾರದಂತ ಟಾವೆಲ್ ಹಾಕಿದೆ.” ಗಾದಿಯ ಕಡೆ ಕೈ ತೋರಿಸಿ ಹೇಳಿದರು: “ಆಕಿ ಹೇಳತಿದ್ಲಲ್ಲ, ದಲ್ಲಾಳ್ಯಾರ ಕೈನ ಹಿಡೀತಾರ ಅಂತ. ಆಕಿ ಕೈ ಹಿಡೀಬೇಕಿತ್ತೋ.”

ನಾನು ಬಾಗಿಲ ಕಡೆ ಹೊರಟೆ. “ಹಂಗಾರ ಅಕ್ಕಾರಿಗೆ ತಪ್ಪಾತಂತ ಹೇಳಿ ಬರ್ತೇನ್ರಿ.”

“ಏ, ಕುಂದ್ರೋ! ಟಾವೆಲ್ ತೆಗೆದ ಮ್ಯಾಲ ಮಾತಿಲ್ಲ.”

ಟಾವೆಲನ್ನು ಮಡಚಿ ಹೆಗಲಿಗೆ ಹಾಕಿಕೊಂಡರು. ಗಾದಿಯನ್ನು ಇನ್ನೊಮ್ಮೆ ನೋಡಿದರು. ಆಮೇಲೆ ತಮ್ಮ ಎರಡೂ ಅಂಗೈ ಮುಂದೆ ಚಾಚಿ, ಹಳೆಯ ಪೇಟೆಯ ಕಣ್ಣಿನಿಂದ ಒಂದು ಸಲ ಅದನ್ನೂ ಒಂದು ಸಲ ಇದನ್ನೂ ನೋಡಿ ಕೇಳಿದರು:

“ಎರಡೂ ಕೈ ಹಿಡದಿದ್ರ ಹತ್ತು ಆಗತಿತ್ತೇನೋ?”

“ಆಗತಿತ್ರಿ.”

“ಹುಚ್ಚ ಖೋಡಿ, ಮತ್ತ ಒಂದ ಕೈ ಯಾಕ ಕೊಟ್ಯೋ?”