ಪ್ಲಗಿನ್‌ಗೂ ಆಷಾಢವಂತೆ

ರಾಯಚೂರಿನಲ್ಲಿ ವೆಬ್‌ಸೈಟ್ ಮಾಡಿಕೊಟ್ಟು ಹೊಟ್ಟೆ ಹೊರೆಯುವ ನನ್ನಂಥವರಿಗೆ ಸಿಟ್ಟು ಬರಿಸುವ ಪ್ರಸಂಗಗಳಿಗೆ ಬರವಿಲ್ಲ. ಒಂದನ್ನು ನುಂಗಿಕೊಳ್ಳುವಷ್ಟರಲ್ಲಿ ಇನ್ನೊಂದು ಅಂಗಡಿಯ ಮೆಟ್ಟಿಲು ಹತ್ತಿರುತ್ತದೆ. ಇಲ್ಲಿ ಹೇಳುವವೆಲ್ಲ ಒಬ್ಬರೇ ಗಿರಾಕಿಯ ಕೃಪೆ. ಮಾನ್ವಿ, ದೇವದುರ್ಗದ ಕಡೆ ಲೇಔಟ್ ಮಾಡಿ ಪ್ಲಾಟ್ ಮಾರುವ ಮಾಲೀಕರು ಅವರು. ಹೊಲ ಕೊಳ್ಳುವಾಗ ಅಜ್ಜ ಮುತ್ತಜ್ಜನ ಕಾಲದ ಕಾಗದ ಕೆದಕುತ್ತಾರೆ, ಬದುವಿನ ಆಚೆಯವರನ್ನೂ ಈಚೆಯವರನ್ನೂ ವಿಚಾರಿಸುತ್ತಾರೆ. ವೆಬ್‌ಸೈಟಿಗೆ ಪ್ಲಗಿನ್ ಹಾಕುವಾಗ ಮಾತ್ರ ಕಣ್ಣು ಮುಚ್ಚಿಬಿಡುತ್ತಾರೆ. ಪ್ಲಗಿನ್ ಎಂದರೆ ನಕ್ಷೆ ತೋರಿಸುವುದಕ್ಕೋ, ಗಿರಾಕಿಗಳ ವಿವರ ತುಂಬಿಸಿಕೊಳ್ಳುವುದಕ್ಕೋ ಸೈಟಿಗೆ ಜೋಡಿಸುವ ಸಿದ್ಧ ಸಾಫ್ಟ್‌ವೇರ್. ಮನೆಗೆ ಆಳು ಇಟ್ಟುಕೊಂಡ ಹಾಗೆ. ಎಲ್ಲಿಯವನು, ಎಂಥವನು ಎಂದು ಕೇಳಬೇಡವೇ?

೧. ಕಾಲುವೆಯೊಳಗಿನ ಪ್ಲಾಟು

ನಕ್ಷೆಯ ಪ್ಲಗಿನ್ ಆರಿಸಿದ್ದು ಮಾಲೀಕರ ಹೆಂಡತಿಯ ತಮ್ಮ. ಮೊಬೈಲ್ ರೀಚಾರ್ಜ್ ಮಾಡಲು ಬರುತ್ತದೆ ಎಂಬ ಅರ್ಹತೆಯ ಮೇಲೆ ಆ ಮನೆಗೆ ಅವನೇ ಕಂಪ್ಯೂಟರ್ ತಜ್ಞ. "ಬಣ್ಣ ಛಲೋ ಅದ" ಎಂದು ಹಾಕಿಬಿಟ್ಟ. ಅದನ್ನು ಮಾಡಿದವರು ಕೈಬಿಟ್ಟು ವರ್ಷಗಳಾಗಿದ್ದವು. ಮಾನ್ವಿಯ ಲೇಔಟನ್ನು ಅದು ಸರಿಯಾಗಿ ಕಾಲುವೆಯ ನಡುನೀರಿನಲ್ಲಿ ತೋರಿಸಿತು.

ನಾನು ಗಾಬರಿಯಾಗಿ ಫೋನ್ ಮಾಡಿದೆ. "ಪ್ಲಾಟ್ ನೀರಾಗ ಅದಾವ್ರಿ!"

"ಹೌದೇನ್ರಿ?" ಎಂದು ಮಾಲೀಕರು ನೆಮ್ಮದಿಯಾಗಿ ಕೇಳಿದರು. ಸಂಜೆಯ ಹೊತ್ತಿಗೆ ವೆಬ್‌ಸೈಟಿನ ಮೇಲೆ ಹೊಸ ಸಾಲೊಂದು ಬಂದಿತ್ತು: "ವರ್ಷವಿಡೀ ನೀರಿನ ಸೌಲಭ್ಯವುಂಟು."

೨. ಪುಕ್ಕಟೆ

ನಕ್ಷೆ ತಪ್ಪಿದರೆ ನಗಬಹುದು. ಆದರೆ ಗಿರಾಕಿಗಳು ಹೆಸರು, ಫೋನ್ ನಂಬರು, ಆಧಾರ್ ಪ್ರತಿ ಎಲ್ಲ ಹಾಕುವ ಫಾರ್ಮ್ ಇದೆಯಲ್ಲ, ಅದರ ಪ್ಲಗಿನ್ ಹುಡುಗಾಟವಲ್ಲ. ಮಾಡಿದವರು ಯಾರು, ಹೊಸ ತಿದ್ದುಪಡಿ ಬಿಡುತ್ತಿದ್ದಾರೋ ಇಲ್ಲವೋ, ಬಳಸಿದವರು ಏನೆನ್ನುತ್ತಾರೆ ಎಂದೆಲ್ಲ ನೋಡಿ, ದುಡ್ಡು ಕೊಟ್ಟು ಕೊಳ್ಳುವ ಒಂದನ್ನು ನಾನು ಹಾಕಿದ್ದೆ. ತಜ್ಞ ಅದನ್ನು ಕಿತ್ತು, ಯಾವುದೋ ಗುಂಪಿನಲ್ಲಿ ಸಿಕ್ಕ ಕದ್ದ ಪ್ರತಿಯೊಂದನ್ನು ಹಾಕಿದ.

ಮೈ ಉರಿದುಹೋಯಿತು. ಸೀದಾ ಮಾಲೀಕರ ಆಫೀಸಿಗೆ ಹೋದೆ.

"ಪುಕ್ಕಟ ಸಿಗಾಕತ್ತದಲ್ರಿ ಮೇಡಂ, ರೊಕ್ಕ ಯಾಕ ಕೊಡಬೇಕು?" ಎಂದರು.

"ಯಾವನೋ ಗುರ್ತಿಲ್ಲದಾಂವ ಪುಕ್ಕಟ ಪ್ಲಾಟ್ ಕೊಡ್ತೀನಂದ್ರ ತೊಗೊಂತೀರೇನ್ರಿ?"

"ಹುಚ್ಚೇನ್ರಿ ನನಗ? ಅದರಾಗ ಏನರ ತಕರಾರ್ ಇದ್ದೇ ಇರ್ತದ."

"ಇದರಾಗ ಇರಂಗಿಲ್ಲೇನ್ರಿ?"

ಮಾಲೀಕರು ನನ್ನನ್ನು ಕನಿಕರದಿಂದ ನೋಡಿದರು. "ಇದೇನು ನೆಲಾ ಏನ್ರಿ, ಯಾರರ ಬಂದು ಒತ್ತುವರಿ ಮಾಡಾಕ?"

೩. ಪಂಚಾಯ್ತಿ

ಮುಂದೆ ಬೆಳಿಗ್ಗೆ ನಾನು ಅದನ್ನು ಕೀಳುವುದು, ಮಧ್ಯಾಹ್ನ ಅವನು ಹಾಕುವುದು ಶುರುವಾಯಿತು. ಮಾಲೀಕರು ಬೇಸತ್ತು, ಹೊಲದ ಜಗಳ ಬಗೆಹರಿಸುವ ಹಾಗೆಯೇ ಬಗೆಹರಿಸಿದರು. ಮಸರಕಲ್ ಹಳ್ಳಿಯಲ್ಲಿರುವ ಅವರ ದೊಡ್ಡಪ್ಪನ ಅಪ್ಪಣೆಯಿಲ್ಲದೆ ಇನ್ನು ಯಾರೂ ಏನನ್ನೂ ಹಾಕಬಾರದು, ತೆಗೆಯಬಾರದು.

"ಅವರಿಗೆ ಕಂಪ್ಯೂಟರ್ ಬರ್ತದೇನ್ರಿ?" ಎಂದು ಕೇಳಿದೆ.

"ಹಿರೇರು ಇರುವಾಗ ನನ್ನ ಹೆಸರು ಮ್ಯಾಲೆ ಬಂದ್ರ ಮಂದಿ ಏನಂದಾರು?"

ಹೀಗೆ, ವೆಬ್‌ಸೈಟ್ ಎಂದರೇನೆಂದು ತಿಳಿಯದ ಹಿರಿಯರು ಅದರ ಮುಖ್ಯ ಅಡ್ಮಿನ್ ಆದರು. ಏನು ಬದಲಿಸಿದರೂ ಒಟಿಪಿ ಅವರ ಗುಂಡಿ ಒತ್ತುವ ಫೋನಿಗೇ ಹೋಗಬೇಕು. ಬೀಗ ಜಡಿದವಳು ನಾನೇ. ಒಳಗೆ ಉಳಿದಿದ್ದು ಮಾತ್ರ ಕದ್ದ ಪ್ಲಗಿನ್, ಯಾಕೆಂದರೆ ಆ ಹೊತ್ತಿಗೆ ಅವನ ಸರದಿ ಮುಗಿದಿತ್ತು, ನನ್ನದು ಬಂದಿರಲಿಲ್ಲ.

೪. ಆಷಾಢ

ಸ್ವಲ್ಪ ದಿನಕ್ಕೆ ಆ ಪ್ಲಗಿನ್ ಗಿರಾಕಿಗಳ ವಿವರಗಳನ್ನು ಹೊರಗೆ ಕಳಿಸುತ್ತಿರುವುದು ನನಗೆ ಕಾಣಿಸಿತು. ಓಡಿಹೋಗಿ ಹೇಳಿದೆ.

"ಆಷಾಢ ಅಲ್ರಿ ಮೇಡಂ," ಎಂದರು ಮಾಲೀಕರು. "ಹೊಸಾದು ಏನೂ ಹಾಕಂಗಿಲ್ಲ. ಶ್ರಾವಣ ಬರ್ಲಿ."

"ಹೊಸಾದು ಹಾಕೂದಲ್ರಿ, ಹಳೇದು ತೆಗಿಯೂದು!"

"ಆಷಾಢದಾಗ ಮನಿ ಬಿಡಸ್ತಾರೇನ್ರಿ ಯಾರರ?"

ಕಳ್ಳರು ಪಂಚಾಂಗ ನೋಡಲಿಲ್ಲ. ಮಾನ್ವಿಯಿಂದ ಒಬ್ಬರು ಟೀಚರಮ್ಮ ಬಸ್ಸು ಹತ್ತಿ ಬಂದು ನನ್ನ ಅಂಗಡಿಯೊಳಗೆ ನಿಂತರು. ವೆಬ್‌ಸೈಟಿನ ಅಡಿಯಲ್ಲಿ ಇರುವುದು ನನ್ನ ಅಂಗಡಿಯ ಹೆಸರು ತಾನೇ! ಸ್ವಂತ ಮನೆಯ ಆಸೆಯಿಂದ ಪ್ಲಾಟ್ ವಿಚಾರಿಸಿ ಫಾರ್ಮ್ ತುಂಬಿದ್ದರಂತೆ. ಅವತ್ತಿನಿಂದ ಯಾರಾರೋ ಫೋನ್ ಮಾಡಿ ಅವರ ಆಧಾರ್ ನಂಬರನ್ನು ಅವರಿಗೇ ಓದಿ ಹೇಳುತ್ತಿದ್ದಾರೆ.

"ನಿಮ್ಮನ್ನ ನಂಬಿ ಹಾಕಿದೆ," ಎಂದರು. "ನಾಳಿ ನನ್ನ ಹೆಸರ್ಲೆ ಯಾವನರ ಸಾಲಾ ತಗದ್ರ ನಾ ಎಲ್ಲಿಗಿ ಹೋಗಲಿ?"

ನನಗೆ ನಾಚಿಕೆಯೂ ಆಯಿತು, ಸಿಟ್ಟೂ ನೆತ್ತಿಗೇರಿತು. ಅವರನ್ನು ಕರೆದುಕೊಂಡೇ ಮಾಲೀಕರ ಮುಂದೆ ಹೋಗಿ ನಿಂತೆ. ಟೀಚರಮ್ಮ ಕುರ್ಚಿ ಎಳೆದು ಆಫೀಸಿನ ಬಾಗಿಲಲ್ಲೇ ಕೂತರು. ಪ್ಲಾಟ್ ಕೇಳಲು ಬಂದ ಒಬ್ಬೊಬ್ಬರಿಗೂ ತಮ್ಮ ಕಥೆ ಹೇಳತೊಡಗಿದರು. ಮೂರನೆಯ ಗಿರಾಕಿ ಮೆಟ್ಟಿಲಿನಿಂದಲೇ ತಿರುಗಿ ಹೋದಾಗ ಮಾಲೀಕರು ಎದ್ದು ಚಪ್ಪಲಿ ಮೆಟ್ಟಿದರು.

"ನಡೀರಿ ಮಸರಕಲ್ಲಿಗಿ. ಅಧಿಕ ಆಷಾಢ ಇದ್ರೂ ನಡೀತದ."

೫. ಯಾರಿಗೂ ಹೇಳಬಾರದು

ಮಾಲೀಕರು, ತಜ್ಞ, ಟೀಚರಮ್ಮ, ಲ್ಯಾಪ್‌ಟಾಪ್ ಹಿಡಿದ ನಾನು, ನಾಲ್ವರೂ ಕಟ್ಟೆಯ ಮೇಲೆ ಕೂತ ದೊಡ್ಡಪ್ಪನ ಎದುರು ನಿಂತೆವು. ಪ್ಲಗಿನ್ ಅಳಿಸಲು ಒತ್ತಿದೆ. ಅವರ ಜೇಬಿನಲ್ಲಿ ಫೋನ್ ಸದ್ದು ಮಾಡಿತು.

"ಯಪ್ಪಾ, ಅದರಾಗ ಒಂದು ನಂಬರ್ ಬಂದದ, ಹೇಳ್ರಿ," ಎಂದೆ.

"ಹೇಳಂಗಿಲ್ಲ."

"ಯಾಕ್ರಿ?"

"ಬ್ಯಾಂಕಿನವರು ಯಾರಿಗೂ ಹೇಳಬ್ಯಾಡ ಅಂದಾರ."

ಮಾಲೀಕರು ಮುಂದೆ ಬಂದರು. "ದೊಡ್ಡಪ್ಪಾ, ನಾನು! ನಿನ್ನ ತಮ್ಮನ ಮಗ!"

"ಫೋನ್ ಮಾಡಾವ್ರೆಲ್ಲ ಹಂಗ ಅಂತಾರ."

"ಎದುರಿಗೆ ನಿಂತೀನಲ್ಲೋ ಯಪ್ಪಾ!"

"ನಿಂತ್ರೇನಾತು? ಯಾರಿಗೂ ಅಂದ್ರ ಯಾರಿಗೂ."

ಇಡೀ ವೆಬ್‌ಸೈಟಿನಲ್ಲಿ ಭದ್ರವಾಗಿದ್ದದ್ದು ಅವರೊಬ್ಬರೇ! ಹೊಗಳಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯದೆ ನಿಂತೆ. ಕಡೆಗೆ, ತಾವೇ ಒತ್ತುವುದಾದರೆ ಆಗಬಹುದು ಎಂದು ಒಪ್ಪಿದರು. ನಾವು ನೋಡಬಾರದೆಂದು ತಲೆಯ ಮೇಲಿಂದ ಲ್ಯಾಪ್‌ಟಾಪಿನವರೆಗೆ ಟವೆಲ್ ಹೊದ್ದುಕೊಂಡರು. ಒಂದೊಂದು ಅಂಕಿ ಹುಡುಕುವಷ್ಟರಲ್ಲಿ ಒಟಿಪಿಯ ಹೊತ್ತು ಮೀರುತ್ತಿತ್ತು. ಮತ್ತೆ ತರಿಸಿದೆ, ಮತ್ತೆ ಮೀರಿತು. ಟೀಚರಮ್ಮ ಕಣ್ಣು ಮುಚ್ಚಿ ದೇವರ ಹೆಸರು ಹೇಳುತ್ತಿದ್ದರು. ಅಂತೂ ಪ್ಲಗಿನ್ ಹೋಯಿತು, ಫಾರ್ಮಿನಲ್ಲಿದ್ದ ಅವರ ವಿವರವೂ ಅಳಿಯಿತು. ಹೊರಗೆ ಹೋದ ವಿವರಕ್ಕೆ ಪೊಲೀಸ್ ದೂರು ಕೊಡಲು ಮಾಲೀಕರೇ ಟೀಚರಮ್ಮನ ಜೊತೆಗೆ ಹೋಗಬೇಕೆಂದು ದೊಡ್ಡಪ್ಪ ಅಪ್ಪಣೆ ಮಾಡಿದರು. ಟೀಚರಮ್ಮ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತು ನೀರು ಕೇಳಿದರು.

ದೊಡ್ಡಪ್ಪ ಟವೆಲ್ ಸರಿಸಿದರು. "ತಂಗೀ, ಆ ಹಾಳಾದ್ದನ್ನ ಒಳಗ ಹಾಕಿದಾಂವ ಯಾರು?"

ತಜ್ಞ ಆಕಾಶ ನೋಡಿದ.

"ಅವಂದೂ ಹೆಸರು ಅದರಾಗ ಅದ ಏನು?"

"ಅದರೀ ಯಪ್ಪಾ."

"ತೆಗಿ."

ಒತ್ತಿದೆ. ಫೋನ್ ಮತ್ತೆ ಸದ್ದು ಮಾಡಿತು. ದೊಡ್ಡಪ್ಪ ಅದನ್ನು ಕಣ್ಣಿನ ಹತ್ತಿರ ಹಿಡಿದು, ಓಣಿಗೆಲ್ಲ ಕೇಳುವ ಹಾಗೆ, ಒಂದೊಂದೇ ಅಂಕಿ ಓದಿ ಹೇಳಿದರು.