ಲೈಸೆನ್ಸು ಒಬ್ಬರದು, ಕಣ್ಣು ಒಬ್ಬರದು

ಓಬೇದುಲ್ಲಾನ ಕಷ್ಟಗಳಿಗೆಲ್ಲ ಮೂಲ ಒಂದು ಮಾವಿನ ಹಣ್ಣು.

ಹಣ್ಣಿನದೇನೂ ತಪ್ಪಿಲ್ಲ. ಶ್ರೀನಿವಾಸಪುರದ ರಸಪುರಿ, ಮುಂಗೈ ಮೇಲೆಲ್ಲ ಹರಿಯುವುದು ಅದರ ಧರ್ಮ. ಬಸ್ಸು ಓಡಿಸುತ್ತಲೇ ಹಣ್ಣು ಚೀಪುತ್ತಿದ್ದ ಓಬೇದುಲ್ಲಾ, ರಸ ಪೋಲಾಗಬಾರದೆಂದು ಮುಂಗೈ ನೆಕ್ಕಲು ತಲೆ ಬಗ್ಗಿಸಿದ. ಅಷ್ಟರಲ್ಲಿ ಬಸ್ಸು ರಸ್ತೆಬದಿಯ ಜಟಕಾವೊಂದನ್ನು ಮೆತ್ತಗೆ ಮುಟ್ಟಿತು. ಜಟಕಾ ಅಷ್ಟೇ ಮೆತ್ತಗೆ ಹಳ್ಳಕ್ಕಿಳಿಯಿತು. ಯಾರಿಗೂ ಏಟಾಗಲಿಲ್ಲ. ಆದರೆ ಜಟಕಾದಲ್ಲಿ ಕೂತಿದ್ದವರು ಮ್ಯಾಜಿಸ್ಟ್ರೇಟರ ಅತ್ತೆ. ಓಬೇದುಲ್ಲಾನ ಲೈಸೆನ್ಸು ಮೂರು ತಿಂಗಳು ಅಮಾನತಾಯಿತು.

ಆ ಮೂರು ತಿಂಗಳು ಅವನು ತೆಪ್ಪಗೆ ಮನೆಯಲ್ಲಿ ಬಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಎರಡನೇ ದಿನಕ್ಕೇ ಬಸ್ಸಿನ ಮಾಲೀಕ ವೆಂಕಟರಮಣಪ್ಪ ಬಾಗಿಲಿಗೆ ಬಂದ.

"ಲೋ ಓಬೇದು, ಬಸ್ಸು ನಿಂತ್ರೆ ಅದರ ಒಲೆ ಆರ್ತೈತೆ. ಅದರ ಒಲೆ ಆರಿದ್ರೆ ನಿಮ್ಮನೆ ಒಲೇನೂ ಆರ್ತೈತೆ. ನೋಡ್ಕೋ."

ಒಲೆಯ ಮಾತು ಸುಮ್ಮನೆ ಬಂದದ್ದಲ್ಲ. ಅದು ಯುದ್ಧದ ಕಾಲ. ಪೆಟ್ರೋಲು ಕಣ್ಣಿಗೆ ಹಚ್ಚಿಕೊಳ್ಳಲೂ ಸಿಗುತ್ತಿರಲಿಲ್ಲ. ಬಸ್ಸಿನ ಬೆನ್ನಿಗೆ ದೊಡ್ಡ ಒಲೆಯೊಂದನ್ನು ಕಟ್ಟಿ, ಇದ್ದಿಲು ಸುಟ್ಟು, ಅದರ ಗ್ಯಾಸಿನಿಂದ ಓಡಿಸುತ್ತಿದ್ದರು. ತಾಯಲೂರಿನಿಂದ ಮುಳಬಾಗಲ ಮೇಲೆ ಕೋಲಾರಕ್ಕೆ ಹೋಗುವ ಆ ಬಸ್ಸನ್ನು ಎಲ್ಲಿ ಒದೆಯಬೇಕು, ಎಲ್ಲಿ ಮುದ್ದು ಮಾಡಬೇಕು ಎಂದು ತಿಳಿದಿದ್ದವನು ಓಬೇದುಲ್ಲಾ ಒಬ್ಬನೇ.

ಹೀಗಾಗಿ ಓಡಿಸಿದ, ಸಿಕ್ಕಿಬಿದ್ದ. ಬಿಸಿಲಲ್ಲಿ ನಡೆದು ಹೋಗುತ್ತಿದ್ದವನನ್ನು ಅಯ್ಯೋ ಪಾಪ ಎಂದು ಕರೆದು ಹತ್ತಿಸಿಕೊಂಡ, ಅವನು ಪೊಲೀಸಿನವನು. ಮೂರು ತಿಂಗಳು ಆರಾಯಿತು. ಮತ್ತೆ ಓಡಿಸಿದ. ಮಾಲೂರಿಗೆ ಒಂದು ಮದುವೆಯ ದಿಬ್ಬಣ ಕೊಂಡೊಯ್ದ. ಮದುಮಗ ಪೊಲೀಸು ಠಾಣೆಯ ರೈಟರು. ಆರು ಹನ್ನೆರಡಾಯಿತು. "ಇನ್ನೊಂದು ಸಲ ಸ್ಟೀರಿಂಗಿನ ಹಿಂದೆ ಕಂಡರೆ ಆರು ತಿಂಗಳು ಜೈಲು" ಎಂದರು ಮ್ಯಾಜಿಸ್ಟ್ರೇಟರು. ಅವರ ಅತ್ತೆಗೆ ಆಗಲೂ ಸೊಂಟನೋವು ಹೋಗಿರಲಿಲ್ಲ.

ಓಬೇದುಲ್ಲಾನ ಹೆಂಡತಿ ದಿಲ್ಷಾದ್ ತುಂಬಿದ ಬಸುರಿ. "ನಮ್ಮ ಮಗು ಅಪ್ಪನ ಮುಖಾನ ಜೈಲಿನ ಕಂಬಿ ಸಂದೀಲಿ ನೋಡ್ಬೇಕಾ?" ಎಂದು ಅವಳು ಅತ್ತಳು. ಅವನೂ ಅತ್ತ. ಇನ್ನು ಬಸ್ಸು ಮುಟ್ಟುವುದಿಲ್ಲ ಎಂದು ಹುಟ್ಟುವ ಮಗುವಿನ ಮೇಲೆ ಆಣೆಯಿಟ್ಟ. ಆಮೇಲೆ ಮನೆಯ ರಾಗಿ ಮುಗಿಯಿತು. ವೆಂಕಟರಮಣಪ್ಪ ಮತ್ತೆ ಬಂದ. ಈ ಸಲ ಬರಿಗೈಯಲ್ಲಿ ಬರಲಿಲ್ಲ. ಜೊತೆಗೆ ಮುನಿರಾಮಪ್ಪನನ್ನು ಕರೆತಂದ.

ಮುನಿರಾಮಪ್ಪ ಹಳೇ ಕಾಲದ ಡ್ರೈವರು. ಅವನ ಲೈಸೆನ್ಸು ಹೊಸದಾಗಿ ಹೊಳೆಯುತ್ತಿತ್ತು. ಎರಡು ಕಣ್ಣಿಗೂ ಪೊರೆ ಬಂದಿತ್ತು. ಹಗಲಿನಲ್ಲಿ ರಸ್ತೆ ಬೆಳ್ಳಗೆ, ಮರ ಕರ್ರಗೆ ಕಾಣುತ್ತಿತ್ತು, ಅಷ್ಟೆ. ಮಾಲೀಕನ ಉಪಾಯ ಸಲೀಸಾಗಿತ್ತು. ಊರಾಚೆ ಓಬೇದುಲ್ಲಾ ಓಡಿಸುವುದು. ಊರು ಹತ್ತಿರವಾದಾಗ ಮರದ ಕೆಳಗೆ ನಿಲ್ಲಿಸಿ ಇಬ್ಬರೂ ಜಾಗ ಬದಲಾಯಿಸುವುದು. ಠಾಣೆಯ ಮುಂದೆ ಮುದುಕ ಎತ್ತಿನ ಗಾಡಿಯಂತೆ ಮೆಲ್ಲಗೆ, ಅಭ್ಯಾಸಬಲದಿಂದ ದಾಟಿಸುವುದು. ಊರು ದಾಟಿದ ಮೇಲೆ ಮತ್ತೆ ಬದಲಾವಣೆ.

"ಲೈಸೆನ್ಸು ಬಸ್ಸಲ್ಲಿ ಇರ್ತೈತಲ್ಲೋ. ನಿನ್ನ ಜೇಬಲ್ಲಿ ಇಲ್ಲ, ಅಷ್ಟೇ ತಾನೆ?" ಎಂದ ವೆಂಕಟರಮಣಪ್ಪ.

ಕೆಲವು ದಿನ ಎಲ್ಲವೂ ಸುಸೂತ್ರವಾಗಿ ನಡೆಯಿತು. ಪ್ರಯಾಣಿಕರಿಗೂ ಗುಟ್ಟು ಗೊತ್ತಿತ್ತು. ಓಬೇದುಲ್ಲಾ ಮಾತ್ರ ದಿನಾ ಬೆವರುತ್ತಿದ್ದ. ದೂರದಲ್ಲಿ ಖಾಕಿ ಬಣ್ಣದ ಕತ್ತೆ ಕಂಡರೂ ಅವನ ಎದೆ ಡವಡವ ಎನ್ನುತ್ತಿತ್ತು.

ಆ ದಿನ ಮುಳಬಾಗಲಿನ ಹೊರಗೆ ಹುಣಸೆಮರದ ಕೆಳಗೆ ಎಂದಿನಂತೆ ಜಾಗ ಬದಲಾಯಿತು. ಮುನಿರಾಮಪ್ಪ ಸ್ಟೀರಿಂಗ್ ಹಿಡಿದ. ಓಬೇದುಲ್ಲಾ ಅವನ ಬೆನ್ನಿಗೇ ಇದ್ದ ಬೆಂಚಿನ ಮೇಲೆ ಕೂತ. ಪಕ್ಕದಲ್ಲಿ ವೀಳ್ಯದೆಲೆ ಬುಟ್ಟಿಯ ಮುನಿಯಲ್ಲಮ್ಮ. ಅವಳಾಚೆ, ವ್ಯಾಜ್ಯವಿಲ್ಲದೆ ಅನ್ನ ಜೀರ್ಣವಾಗದ, ವಾಯಿದೆಗೊಂದು ಸಲ ಕೋಲಾರದ ಕೋರ್ಟಿಗೆ ಹೋಗುವ ಮುನಿಶಾಮಿ. ಬಸ್ಸು ಠಾಣೆಯ ಮುಂದೆ ಬಂತು. ಜಗಲಿಯಿಂದ ಯಾರೋ ಕೈ ಅಡ್ಡ ಹಿಡಿದರು.

ಖಾಕಿ. ಬೂಟು. ಗಿರಿಜಾ ಮೀಸೆ. ಮುಳಬಾಗಲಿಗೆ ಹೊಸದಾಗಿ ಬಂದ ಇನ್‌ಸ್ಪೆಕ್ಟರು!

ಅವರು ಮೆಟ್ಟಿಲನ್ನು ಬೂಟಿನ ತುದಿಯಿಂದ ಎರಡು ಸಲ ಕುಟ್ಟಿ ನೋಡಿ, ಕಂಬಿ ಹಿಡಿದು ಮೆಲ್ಲಗೆ ಹತ್ತಿದರು.

"ಬಸ್ಸು ಗಟ್ಟಿಯಾಗೈತಾ ಅಂತ ಪರೀಕ್ಷೆ ಮಾಡ್ತವ್ರೆ," ಎಂದು ಮುನಿಶಾಮಿ ಪಿಸುಗುಟ್ಟಿದ. "ಭಾರಿ ಖಡಕ್ ಮನುಷ್ಯ."

ಇನ್‌ಸ್ಪೆಕ್ಟರು ಡ್ರೈವರಿನ ಪಕ್ಕದ ಸೀಟಿನಲ್ಲಿ ಕೂತು, "ಕೋಲಾರಕ್ಕೆ. ಹೊರಡಲಿ," ಎಂದರು. ಆಮೇಲೆ ಹಿಂದಕ್ಕೆ ತಿರುಗಿ, ಕಣ್ಣು ಕಿರಿದು ಮಾಡಿಕೊಂಡು ಓಬೇದುಲ್ಲಾನನ್ನು ದುರುಗುಟ್ಟಿ ನೋಡಿದರು. ಓಬೇದುಲ್ಲಾ ಎಲೆ ಬುಟ್ಟಿಯ ಹಿಂದೆ ಮುಖ ಮರೆಸಿಕೊಂಡ.

ಈಗ ಆದದ್ದೇನೆಂದರೆ, ಕೋಲಾರದವರೆಗೂ ಜಾಗ ಬದಲಾಯಿಸುವಂತಿಲ್ಲ. ಕಣ್ಣು ಕಾಣದ ಮುದುಕನೇ ಅಷ್ಟು ದೂರ ಓಡಿಸಬೇಕು. ಬೇಡ ಅಂದರೆ ಗುಟ್ಟು ಬಯಲು, ಜೈಲು, ಸುಮ್ಮನಿದ್ದರೆ ಹಳ್ಳ. ಅತ್ತ ದರಿ, ಇತ್ತ ಪುಲಿ. ಊರು ದಾಟುವಷ್ಟರಲ್ಲಿ ಬಸ್ಸು ಒಂದು ಮೈಲಿಗಲ್ಲನ್ನು ಸವರಿಕೊಂಡು ಹೋಯಿತು. ಮುನಿಯಲ್ಲಮ್ಮ, "ಅಯ್ಯೋ ದೇವುಡಾ!" ಎಂದು ಕಿರುಚಿದಳು.

ಓಬೇದುಲ್ಲಾ ಗಾಬರಿಯಲ್ಲಿ ಎರಡೂ ಕೈ ಚಾಚಿ ಮುದುಕನ ಭುಜ ಹಿಡಿದುಕೊಂಡ. ಮರವೊಂದು ಎದುರಿಗೇ ಬಂತು. ಅವನ ಬೆರಳು ತಾನಾಗಿ ಮುದುಕನ ಬಲಭುಜವನ್ನು ಹಿಸುಕಿತು. ಮುದುಕ ಬಲಕ್ಕೆ ತಿರುಗಿಸಿದ. ಮರ ತಪ್ಪಿತು. ಎಡಭುಜ ಹಿಸುಕಿದ, ಬಸ್ಸು ಮತ್ತೆ ರಸ್ತೆಗೆ ಬಂತು. ಇಬ್ಬರಿಗೂ ಬಾಯಿಬಿಡದೆಯೇ ಒಪ್ಪಂದವಾಯಿತು.

"ಏನಯ್ಯಾ ಅದು, ಡ್ರೈವರನ್ನ ಹಿಡ್ಕೊಂಡು ಏನು ಮಾಡ್ತಿದ್ದೀಯ?" ಇನ್‌ಸ್ಪೆಕ್ಟರು ಮುಖವನ್ನು ಓಬೇದುಲ್ಲಾನ ಮುಖಕ್ಕೆ ಒಂದು ಗೇಣು ಹತ್ತಿರ ತಂದರು. ಗುರುತು ಇಟ್ಟುಕೊಳ್ಳುತ್ತಿದ್ದಾರೆ ಎಂದುಕೊಂಡ ಅವನು.

"ಮೈ... ಮೈಕೈ ನೋವು ಸ್ವಾಮಿ, ನಮ್ಮ ಮಾಮಂಗೆ. ಒತ್ತುತಾ ಇದೀನಿ."

"ಹೆಸರೇನು ನಿಂದು?"

ನೆರವಿಗೆ ಇಡೀ ಬಸ್ಸೇ ಸಿದ್ಧವಾಗಿತ್ತು. "ಹಬೀಬುಲ್ಲಾ!" ಎಂದಳು ಮುನಿಯಲ್ಲಮ್ಮ. ಅದೇ ಗಳಿಗೆಯಲ್ಲಿ "ಅಜ್ಮತುಲ್ಲಾ!" ಎಂದ ಮುನಿಶಾಮಿ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹಬೀಬುಲ್ಲಾ ಅಂತ ಸ್ವಾಮಿ," ಎಂದ ಓಬೇದುಲ್ಲಾ. "ಮನೇಲಿ ಅಜ್ಮತುಲ್ಲಾ ಅಂತಾರೆ."

"ಮನೇಲಿ ಕರೆಯೋದಕ್ಕೆ ಬೇರೆ ಉದ್ದದ ಹೆಸರೇ!" ಎಂದು ಇನ್‌ಸ್ಪೆಕ್ಟರು ಮೀಸೆ ತಿರುವಿದರು. "ಇರಲಿ. ಹಿರಿಯರ ಸೇವೆ ಮಾಡೋ ಹುಡುಗರು ಈಗಿನ ಕಾಲದಲ್ಲಿ ಎಲ್ಲಿದಾರೆ? ಒತ್ತಪ್ಪಾ, ಒತ್ತು. ನಿಲ್ಲಿಸಬೇಡ."

ನಿಲ್ಲಿಸುವ ಯೋಚನೆ ಓಬೇದುಲ್ಲಾನಿಗೆ ಕನಸಿನಲ್ಲೂ ಇರಲಿಲ್ಲ.

"ಈ ರಸ್ತೇಲಿ ಓಬೇದುಲ್ಲಾ ಅಂತ ಒಬ್ಬ ಖದೀಮ ಇದಾನಂತೆ," ಎಂದು ಇನ್‌ಸ್ಪೆಕ್ಟರು ಮುಂದುವರಿಸಿದರು. "ಲೈಸೆನ್ಸು ಅಮಾನತಾಗಿದ್ರೂ ಬಸ್ಸು ಓಡಿಸ್ತಾನಂತೆ. ಬಂದ ದಿನವೇ ಅರ್ಜಿ ಬಂತು. ಅವನನ್ನ ಒಳಗೆ ಹಾಕೋದೇ ನನ್ನ ಮೊದಲನೇ ಕೆಲಸ. ನಿಮಗೆ ಗೊತ್ತೇನ್ರೀ?"

"ಛೆ ಛೆ, ನಾವು ಆ ಹೆಸರೇ ಕೇಳಿಲ್ಲ ಸ್ವಾಮಿ," ಎಂದ ಮುನಿಶಾಮಿ. ಅಷ್ಟಕ್ಕೇ ನಿಲ್ಲಿಸಬಾರದಿತ್ತೆ? "ಸೆಕ್ಷನ್ ಪ್ರಕಾರ ಅಂಥವನಿಗೆ ಆರು ತಿಂಗಳು ಸಾಲ್ದು, ಒಂದು ವರ್ಷ ಹಾಕ್ಬೇಕು!" ಎಂದು ಸೇರಿಸಿದ. ಓಬೇದುಲ್ಲಾನ ಕೈ ಸಿಟ್ಟಿಗೆ ಬಿಗಿಯಾಯಿತು. ಬಸ್ಸು ಸೊಟ್ಟಗೆ ಓಡಿತು.

ಮುಂದೆ ಬಲಗಡೆಯ ಹೊಲದಿಂದ ಕುರಿ ಹಿಂಡೊಂದು ರಸ್ತೆಗೆ ಇಳಿಯಿತು. ಓಬೇದುಲ್ಲಾ ಎರಡೂ ಭುಜಗಳನ್ನು ಒಟ್ಟಿಗೆ ಒತ್ತಿದ. ಮುದುಕ ಬ್ರೇಕು ಮೆಟ್ಟಿದ. ಎಲೆ ಬುಟ್ಟಿ ಇನ್‌ಸ್ಪೆಕ್ಟರ ತೊಡೆಯ ಮೇಲೆ ಬಿತ್ತು.

"ಕುರಿ ಸ್ವಾಮಿ, ಕುರಿ!"

"ಹೌದು, ಕಂಡೆ. ಎಷ್ಟೊಂದು ಕುರಿ!" ಎಂದ ಇನ್‌ಸ್ಪೆಕ್ಟರು ಎಡಗಡೆಯ ಬಟಾಬಯಲನ್ನು ನೋಡುತ್ತಿದ್ದರು. ಪೊಲೀಸಿನವರ ಚಾಲಾಕು ಇದೇ, ಒಂದು ಕಡೆ ನೋಡಿದ ಹಾಗೆ ಮಾಡಿ ಇನ್ನೊಂದು ಕಡೆ ಗಮನಿಸುತ್ತಾರೆ ಎಂದು ಓಬೇದುಲ್ಲಾ ಇನ್ನಷ್ಟು ಹೆದರಿದ. ಅಂಥವರ ಕಣ್ಣಿಗೆ ಮಣ್ಣೆರಚುವುದು ಸುಲಭವೇ? ಗೊತ್ತಿದ್ದೂ ಆಟ ಆಡಿಸುತ್ತಿದ್ದಾರೆ. ಕೋಲಾರ ಬಂದ ಕೂಡಲೇ ಬೇಡಿ ತೊಡಿಸುತ್ತಾರೆ. ಅವನ ಕಣ್ಮುಂದೆ ದಿಲ್ಷಾದಳ ಅಳುಮುಖ, ಕಂಬಿಯ ಸಂದಿಯಿಂದ ಇಣುಕುವ ಮಗುವಿನ ಮುಖ ಎರಡೂ ಬಂದವು.

ಗ್ರಹಚಾರ ಅಲ್ಲಿಗೇ ಬಿಡಲಿಲ್ಲ. ಗಾಳಿ ತಿರುಗಿ ಇದ್ದಿಲಿನ ಹೊಗೆಯೆಲ್ಲ ಒಳಗೆ ನುಗ್ಗಿತು. ಓಬೇದುಲ್ಲಾ ಬಂದ ಸೀನನ್ನು ತಡೆದ. ಮೂಗು ಹಿಂಡಿಕೊಳ್ಳೋಣವೆಂದರೆ ಕೈಗಳು ಮುದುಕನ ಭುಜದ ಮೇಲಿವೆ. ಕೊನೆಗೆ ಬಸ್ಸೇ ಅದುರುವಂತೆ "ಆಕ್ಷೀ" ಎಂದ. ಕೈಗಳೆರಡೂ ಎಡಕ್ಕೆ ಜಗ್ಗಿದವು. ಮುನಿರಾಮಪ್ಪ ನಂಬಿಗಸ್ತ ಮನುಷ್ಯ. ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿದ.

ಬಸ್ಸು ರಸ್ತೆ ಬಿಟ್ಟು ಒಣಗಿದ ಕೆರೆಯ ಅಂಗಳಕ್ಕಿಳಿಯಿತು. ಎಮ್ಮೆಗಳು ಬಾಲ ಎತ್ತಿ ಓಡಿದವು. ಒಳಗಿದ್ದವರೆಲ್ಲ ಜಾತಿ ಮತ ಮರೆತು ಎಲ್ಲ ದೇವರನ್ನೂ ಕೂಗಿದರು. "ಜಾಗ್ರತ್ತ ನಾಯನಾ, ಜಾಗ್ರತ್ತ!" ಎಂದು ಮುನಿಯಲ್ಲಮ್ಮ ಓಬೇದುಲ್ಲಾನ ಭುಜ ಹಿಡಿದಳು. ಅವನು ಮುದುಕನ ಭುಜವನ್ನು ಬಲಕ್ಕೆ, ಇನ್ನೂ ಬಲಕ್ಕೆ ಹಿಸುಕಿದ. ಬಸ್ಸು ಕೆರೆಯಂಗಳದಲ್ಲಿ ಅರ್ಧ ಪ್ರದಕ್ಷಿಣೆ ಹಾಕಿ, ದನ ಓಡಾಡುವ ಜಾಡು ಹಿಡಿದು, ಏದುಸಿರು ಬಿಡುತ್ತಾ ಮತ್ತೆ ರಸ್ತೆಗೆ ಹತ್ತಿತು.

ಇನ್ನು ಮುಗಿಯಿತು ಎಂದು ಓಬೇದುಲ್ಲಾ ಕಣ್ಣು ಮುಚ್ಚಿದ. ಮರುಕ್ಷಣವೇ, ಬಸ್ಸಿನಲ್ಲಿ ಇರುವುದು ತನ್ನ ಕಣ್ಣು ಮಾತ್ರ ಎಂದು ನೆನಪಾಗಿ ತೆರೆದ.

ಇನ್‌ಸ್ಪೆಕ್ಟರು ಟೋಪಿ ಸರಿಮಾಡಿಕೊಂಡರು. "ರಸ್ತೆ ಇಲ್ಲಿ ಬಹಳ ಹಾಳಾಗಿದೆ. ಮೇಲಿನವರಿಗೆ ಬರೀತೀನಿ," ಎಂದರು.

ಕೋಲಾರದ ಬಸ್ ನಿಲ್ದಾಣ ಬಂದಾಗ ಓಬೇದುಲ್ಲಾನ ಬೆರಳುಗಳು ಮರಗಟ್ಟಿದ್ದವು. ಮುನಿರಾಮಪ್ಪನ ಭುಜಗಳು ಬಾತುಹೋಗಿದ್ದವು. ಇನ್‌ಸ್ಪೆಕ್ಟರು ಇಳಿದು ಕೈ ಚಾಚಿದರು.

"ಯಜಮಾನರೇ, ಲೈಸೆನ್ಸು ಕೊಡಿ."

ಮುದುಕ ಕೊಟ್ಟ. ಅವರು ಅದನ್ನು ಮೂಸಿ ನೋಡುವವರಂತೆ ಮೂಗಿನ ತುದಿಗೆ ತಂದು ಓದಿದರು. ಓಬೇದುಲ್ಲಾ ತಾಯಿತ ಹಿಡಿದುಕೊಂಡು ನಿಂತ.

"ಸರಿಯಾಗಿದೆ. ಈ ಬಸ್ಸು ಓಡಿಸೋರು ನೀವು. ಅರ್ಜಿ ಬರೆದೋನು ಸುಳ್ಳುಗಾರ. ಓಬೇದುಲ್ಲಾನೂ ಇಲ್ಲ, ಗೀಬೇದುಲ್ಲಾನೂ ಇಲ್ಲ. ಆ ಅರ್ಜೀನ ಹರಿದು ಹಾಕ್ತೀನಿ."

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಓಬೇದುಲ್ಲಾನಿಗೆ ಆ ಸಾವಿರ ವರ್ಷವೂ ಒಟ್ಟಿಗೆ ಮೈಮೇಲೆ ಬಂದಂತಾಗಿ ಮಡ್‌ಗಾರ್ಡಿನ ಮೇಲೆ ಕುಸಿದು ಕೂತ. ಮುನಿಯಲ್ಲಮ್ಮ ಸೆರಗಿನಿಂದ ಕಣ್ಣೊರಸಿಕೊಂಡಳು.

"ನಿಜ ಹೇಳ್ತೀನಿ ಯಜಮಾನರೇ," ಇನ್‌ಸ್ಪೆಕ್ಟರು ಆಚೀಚೆ ನೋಡಿ ದನಿ ತಗ್ಗಿಸಿದರು. "ನಿನ್ನೆ ಠಾಣೇಲಿ ನನ್ನ ಕನ್ನಡಕದ ಮೇಲೆ ನಾನೇ ಕೂತ್ಬಿಟ್ಟೆ. ಅದಿಲ್ಲದಿದ್ರೆ ಎದುರಿಗೆ ಬರ್ತಿರೋದು ಆನೆಯೋ ಅಮಲ್ದಾರರೋ ನನಗೆ ಗೊತ್ತಾಗಲ್ಲ. ದಾರಿಯುದ್ದಕ್ಕೂ ಹೊಗೆ ಬಿಟ್ರೆ ಏನೂ ಕಾಣಲಿಲ್ಲ. ಜೀವ ಕೈಯಲ್ಲಿ ಹಿಡ್ಕೊಂಡು ಕೂತಿದ್ದೆ. ನಿಮ್ಮಂಥ ಕಣ್ಣಿರೋ ಡ್ರೈವರು ಸಿಕ್ಕಿದ್ದು ನನ್ನ ಪುಣ್ಯ."

ಓಬೇದುಲ್ಲಾ ಬಾಯಿ ತೆರೆದುಕೊಂಡು ಕೂತ. ಹಾಗಾದರೆ ತಾನೇ ಓಡಿಸಿದ್ದರೂ ಈ ಮಹಾರಾಯನಿಗೆ ತಿಳಿಯುತ್ತಿರಲಿಲ್ಲ! ಆ ಮೈಲಿಗಲ್ಲು, ಆ ಕುರಿ, ಆ ಕೆರೆ, ಎಲ್ಲ ದಂಡ! ಅವನಿಗೆ ನಗು ಬಂತೋ ಅಳು ಬಂತೋ, ನೋಡಿದವರಿಗೆ ತಿಳಿಯಲಿಲ್ಲ.

"ನನ್ನ ಮನೆ ಇಲ್ಲೇ, ಕೋಲಾರದಲ್ಲೇ," ಎಂದರು ಇನ್‌ಸ್ಪೆಕ್ಟರು. "ಇನ್ನೊಂದು ಕನ್ನಡಕ ಇದೆ, ಅದು ಒಡೆದದ್ದಕ್ಕಿಂತಲೂ ಚುರುಕು. ಹಾಕ್ಕೊಂಡು ಸಂಜೆ ಇದೇ ಬಸ್ಸಿಗೆ ವಾಪಸ್ ಬರ್ತೀನಿ. ಮುಳಬಾಗಲಲ್ಲಿ ಮನೆ ಸಿಗೋವರೆಗೂ ದಿನಾ ಇದೇ ಬಸ್ಸು, ಇದೇ ಸೀಟು. ನೀವೇ ಓಡಿಸ್ಬೇಕು, ತಿಳೀತಾ? ಬೇರೆಯವರು ಸ್ಟೀರಿಂಗ್ ಮುಟ್ಟಿದ್ದು ಕಂಡರೆ ಒಳಗೆ ಹಾಕ್ಸಿಬಿಡ್ತೀನಿ."

ಅವರು ಮೆಟ್ಟಿಲಿಲ್ಲದ ಜಾಗದಲ್ಲಿ ಮೆಟ್ಟಿಲು ಇಳಿದು, ಎಡವಿ, ಒಂದು ಕಂಬಕ್ಕೆ ನಮಸ್ಕಾರ ಮಾಡಿ ಹೊರಟುಹೋದರು.

ಮುನಿರಾಮಪ್ಪ ಕೇಳಿದ.

"ಓಬೇದು, ಸಂಜೆ ಬಸ್ಸು ಎಷ್ಟೊತ್ತಿಗಪ್ಪಾ?"

"ಹೊತ್ತು ಮುಳುಗಿದ ಮೇಲೆ ಮಾಮ."

ಮುದುಕ ಭುಜ ಸವರಿಕೊಳ್ಳುತ್ತಾ ಯೋಚಿಸಿದ.

"ಹಗಲೊತ್ತಾದ್ರೆ ರಸ್ತೆ ಬೆಳ್ಳಗೆ, ಮರ ಕರ್ರಗೆ ಕಾಣ್ತೈತೆ ಕಣೋ. ಕತ್ತಲಾದ್ಮೇಲೆ ನಂಗೆ ಎಲ್ಲಾ ಮರಾನೇ."

ಓಬೇದುಲ್ಲಾ ಕೂತಲ್ಲೇ ಹೆಬ್ಬೆರಳುಗಳ ನೆಟಿಗೆ ಮುರಿಯತೊಡಗಿದ.